ಹೆಚ್ಚಾದ ಜೋಳ

"ಜ್ಯಾದಾ ಹೈ, ಹುಜೂರ್."

ಮಾತು ಬಾಯಿಂದ ಜಾರಿದ ಮೇಲೆಯೇ ತಾನು ಉರ್ದುವಿನಲ್ಲಿ 'ಹೆಚ್ಚಿಗೆ ಇದೆ' ಎಂದದ್ದು ಕಚೇರಿಯ ತರ್ಜುಮೆಗಾರ ಯಂಕೋಬನಿಗೆ ಕೇಳಿಸಿತು. ತಹಸೀಲ್ದಾರ್ ಸಾಹೇಬರು ಆಗಲೇ ತಲೆಯಾಡಿಸಿದ್ದರು.

ಎದುರಿಗೆ ಸಂತೆಕಲ್ಲೂರಿನ ಬಸ್ಸಮ್ಮ ಕೈಮುಗಿದು ನಿಂತಿದ್ದಳು. ಯುದ್ಧಕಾಲದ ಲೆವಿ, ಉಂಡು ಮಿಕ್ಕ ಜೋಳವನ್ನು ಸರಕಾರಕ್ಕೆ ಅಳೆಯಬೇಕು. ಜೋಳ ಎಷ್ಟಿದೆ ಎಂದು ಸಾಹೇಬರು ಉರ್ದುವಿನಲ್ಲಿ ಕೇಳಿದ್ದನ್ನು ಯಂಕೋಬ ಕನ್ನಡದಲ್ಲಿ ಕೇಳಿದ್ದ. "ಜ್ವಾಳ ಹೆಚ್ಚಾಗ್ಯಾವ್ರೀ ಯಪ್ಪಾ" ಎಂದಿದ್ದಳು. "ಬಿತ್ತಾಕ ಇಟ್ಟಿದ್ದಷ್ಟ ಅದಾವು" ಎಂದು ಅವಳು ಸೇರಿಸುವಷ್ಟರಲ್ಲಿ ಇವನ ತರ್ಜುಮೆ ಮುಗಿದಿತ್ತು.

ಮುಗಿದವು ಎಂಬ ಮಾತನ್ನು ಕಾಳಿಗೆ ಆಡಬಾರದು, ಅಪಶಕುನ. ಮನೆಯಲ್ಲಿ ಕಾಳು ಮುಗಿಯುವುದಿಲ್ಲ, ಹೆಚ್ಚಾಗುತ್ತದೆ. ಮಸ್ಕಿಯಲ್ಲಿ ಅವನ ತಾಯಿ ಬರಿ ಗಡಿಗೆಯ ಮುಂದೆ ನಿಂತು ಅನ್ನುತ್ತಿದ್ದುದೂ ಇದನ್ನೇ.

ಹೈದರಾಬಾದಿನಲ್ಲಿ ಓದಿಬಂದ ಯಂಕೋಬ ಈ ಕಚೇರಿಗಾಗಿ ತನ್ನನ್ನು ಚೆನ್ನಾಗಿಯೇ ತಿದ್ದಿಕೊಂಡಿದ್ದ. ದನಿ ತಗ್ಗಿಸಿದ್ದ. ಕೈ ಬೀಸಿ ಮಾತಾಡುವುದನ್ನು ಬಿಟ್ಟಿದ್ದ. "ನಿಮ್ಮ ಮಾತಿನಲ್ಲಿ ಊರಿನ ವಾಸನೆಯೇ ಇಲ್ಲ" ಎಂದು ಸಾಹೇಬರು ಹೊಗಳಿದ ದಿನ ಖುಷಿಗೆ ಊಟವೇ ಸೇರಿರಲಿಲ್ಲ.

"ಹುಜೂರ್, ಅವಳ ಅರ್ಥ ಬೇರೆ" ಎಂದ ಉರ್ದುವಿನಲ್ಲಿ. "ಮುಗಿದದ್ದಕ್ಕೆ ನಮ್ಮಲ್ಲಿ ಹೆಚ್ಚಾಯಿತು ಅನ್ನುತ್ತಾರೆ."

"ಹೆಚ್ಚಾದದ್ದಕ್ಕೆ?"

"ಅದಕ್ಕೂ... ಹೆಚ್ಚಾಯಿತು ಎಂದೇ."

ಸಾಹೇಬರು ನಕ್ಕರು. ಕೆಟ್ಟ ಮನುಷ್ಯರೇನಲ್ಲ, ನಿಜವಾಗಿಯೂ ನಗು ಬಂದಿತ್ತು. "ನಿಮ್ಮ ಮನಸ್ಸು ಮೆದು, ಯಂಕೋಬರಾವ್. ಅವಳು ಅಂದದ್ದನ್ನು ನೀವೇ ಹೇಳಿದಿರಲ್ಲ."

ಇನ್ನೊಮ್ಮೆ ಹೇಳಬಹುದಿತ್ತು. ದನಿ ಏರಿಸಿ, ಹಳ್ಳಿಯವನ ಹಾಗೆ ಹಟ ಹಿಡಿಯಬಹುದಿತ್ತು. ಯಂಕೋಬನೂ ನಕ್ಕ. ಸಾಹೇಬರು ನಕ್ಕಾಗ ನಗುವುದು ರೂಢಿಯಾಗಿಹೋಗಿತ್ತು.

ಮನೆಯಲ್ಲಿದ್ದಷ್ಟೂ ಜೋಳ ತರಬೇಕೆಂದು ಉರ್ದುವಿನಲ್ಲೇ ಅಪ್ಪಣೆಯಾಯಿತು. ಜವಾನ ಬುಡ್ಡೇಸಾಬ್ ಬಂಡಿ ಹೂಡಲು ಹೋದ.

ಹೊರಗೆ ಬಸ್ಸಮ್ಮ ಯಂಕೋಬನನ್ನು ತಡೆದಳು. "ಸಾಹೇಬ್ರು ನಕ್ಕಾರಂದ್ರ ಒಪ್ಪ್ಯಾರ, ಹೌದಿಲ್ರೀ?"

"ಹ್ಞಾಂ... ನೋಡೋಣು."

"ಬಿತ್ತೋ ಜ್ವಾಳ ಉಳೀತಾವಲ್ರೀ?"

ಅವನು ಬಂಡಿಯ ಕಡೆ ನೋಡಿದ. "ನಿಮ್ಮ ಮನೀಗಿ ಬಂಡಿ ಬರ್ತಾದವ್ವ."

"ಬಂಡೀನ? ಜ್ವಾಳ ಕೊಡ್ತಾರೇನ್ರೀ ಸರಕಾರದವರು?"

ಅವಳ ಮುಖ ಅರಳಿತು. ಯಂಕೋಬನಿಗೆ ನೆಲ ಬಾಯ್ಬಿಡಬಾರದೇ ಅನ್ನಿಸುವಷ್ಟು ನಾಚಿಕೆಯಾಯಿತು. ತಪ್ಪಾಯ್ತವ್ವ ಎಂದು ಎರಡೂ ಕೈ ಜೋಡಿಸಬೇಕೆಂದುಕೊಂಡ. ಜೋಡಿಸಲು ಹೋದ ಕೈಗಳಲ್ಲಿ ಒಂದು ಕೆಳಗೇ ಉಳಿಯಿತು. ಇನ್ನೊಂದು ತನ್ನಷ್ಟಕ್ಕೆ ತಾನೇ ಅರೆಬೊಗಸೆಯಂತೆ ಬಾಗಿ, ಕಚೇರಿಯಲ್ಲಿ ರೂಢಿಯಾದ ಸಲಾಮಿಗೆಂದು ಮೇಲೇರತೊಡಗಿತು.

ಆ ಬಾಗಿದ ಅಂಗೈಯನ್ನು ಕಂಡು, ಅದರಲ್ಲೇನೋ ಇದೆಯೆಂದು ತಿಳಿದ ಬಸ್ಸಮ್ಮ ಸೆರಗು ಒಡ್ಡಿ ನಿಂತಳು.