ಕಚ್ಚಾ ಹೊಲಿಗೆ ಹಾಕಿದ ಸ್ವೇ ಬಾರ್

ನಮ್ಮ ಭಾವ ದರ್ಜಿ. ಒಳ್ಳೆಯ ದರ್ಜಿ, ಅದನ್ನು ಒಪ್ಪಿಕೊಳ್ಳಲೇಬೇಕು. ಒಪ್ಪದಿದ್ದರೆ ಅವರೇ ಮತ್ತೆ ಮತ್ತೆ ನೆನಪಿಸುತ್ತಾರೆ. ಕೋಟಿನ ಭುಜ ಕೂರಿಸುವುದರಲ್ಲಿ ಅವರನ್ನು ಮೀರಿಸುವವರು ಈ ಊರಲ್ಲಿಲ್ಲ. ಆದರೆ ಅಂಥ ಮನುಷ್ಯ ಒಂದು ಭಾನುವಾರ ಬೆಳಿಗ್ಗೆ ಅಕ್ಕನ ಪಿಕಪ್ ಗಾಡಿಯ ಕೆಳಗೆ ಅಂಗಾತ ಮಲಗಿ, ಕೊರಳಲ್ಲಿ ಅಳತೆ ಟೇಪು ನೇತುಹಾಕಿಕೊಂಡು, ಕಿವಿಯ ಮೇಲೆ ಸೀಮೆಸುಣ್ಣ ಸಿಕ್ಕಿಸಿಕೊಂಡು, "ದೊಡ್ಡ ಸ್ಪ್ಯಾನರ್ ಕೊಡು" ಎಂದರೆ ಯಾರಿಗೆ ನಗು ಬರುವುದಿಲ್ಲ ಹೇಳಿ? ನನಗಂತೂ ಬಂತು. ನಾನು ಅವರ ನಾದಿನಿ; ಅವರ ಅಂಗಡಿಯಲ್ಲೇ ಕಾಜಾ ಹೊಲಿದು ಗುಂಡಿ ಹಚ್ಚುವವಳು. ಭಾವನನ್ನು ರೇಗಿಸುವುದೂ ನನ್ನ ಕೆಲಸದಲ್ಲೇ ಸೇರಿದೆ ಎಂದುಕೊಂಡಿದ್ದೇನೆ.

"ನಗಬೇಡ. ಟಾರ್ಚ್ ನೆಟ್ಟಗೆ ಹಿಡಿ."

"ನೆಟ್ಟಗೇ ಹಿಡಿದಿದ್ದೀನಿ ಭಾವ. ನಿಮ್ಮ ಹೊಟ್ಟೆ ಅಡ್ಡ ಬರ್ತಿದೆ, ಅದಕ್ಕೆ ಬೆಳಕು ಆಚೆ ಹೋಗ್ತಿಲ್ಲ."

ನಗುವ ವಿಷಯ ಅದಾಗಿರಲಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು. ಅಕ್ಕ ಪೀಠೋಪಕರಣದ ಕಾರ್ಖಾನೆಯಿಂದ ಬೀರು, ಮಂಚಗಳನ್ನು ಹೇರಿಕೊಂಡು ಮನೆಮನೆಗೆ ಮುಟ್ಟಿಸುವವಳು. ಕೆಲವು ತಿಂಗಳ ಹಿಂದೆ ಒಂದು ಎತ್ತರದ ಬೀರು ಹೇರಿಕೊಂಡು ಸೇತುವೆ ಇಳಿದು ತಿರುಗುವಾಗ ಗಾಡಿ ಅವಳ ಕಡೆಗೆ ವಾಲಿತು. ವಾಲಿತು ಅಷ್ಟೇ. ಅಕ್ಕ ಸ್ಟೇರಿಂಗ್ ಬಿಗಿಯಾಗಿ ಹಿಡಿದು ಗಾಡಿಯನ್ನು ಸರಿಮಾಡಿಕೊಂಡಳು, ಬೀರುವಿಗೆ ಒಂದು ಗೀರೂ ಬೀಳಲಿಲ್ಲ. ಪಕ್ಕದಲ್ಲಿ ಕೂತಿದ್ದ ಭಾವ ಮಾತ್ರ ರಸ್ತೆಯವರೆಲ್ಲ ತಿರುಗಿ ನೋಡುವಂತೆ ಕಿರುಚಿಕೊಂಡರು. ಮುಂದಿನ ಸಿಗ್ನಲ್ಲಿನಲ್ಲಿ "ಗುಂಡಿ ತರಬೇಕು" ಎಂದು ಇಳಿದು, ನಡೆದುಕೊಂಡೇ ಮನೆಗೆ ಬಂದರು. ಕೈಯಲ್ಲಿ ಗುಂಡಿ ಇರಲಿಲ್ಲ. ಅವತ್ತಿನಿಂದ ಅವರು ಆ ಗಾಡಿ ಹತ್ತಿರಲಿಲ್ಲ.

ಅಕ್ಕ ಜಗಳ ಆಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು. ಅವಳು ತಿರುವು ಬಂದಲ್ಲೆಲ್ಲ ಎತ್ತಿನಗಾಡಿಗಿಂತ ನಿಧಾನವಾಗಿ ಓಡಿಸತೊಡಗಿದಳು, ಹಿಂದಿನವರು ಹಾರ್ನ್ ಹೊಡೆದು ಬೈದು ಹೋಗತೊಡಗಿದರು. ಒಂದು ದಿನ ಪಾತ್ರೆ ತೊಳೆಯುತ್ತಾ, ನನ್ನ ಮುಖ ನೋಡದೆ, "ಕಟ್ಟಿಕೊಂಡ ಗಂಡನಿಗೇ ನನ್ನ ಕೈ ಮೇಲೆ ನಂಬಿಕೆ ಇಲ್ಲ ಅಂದ್ಮೇಲೆ ನಂಗೆಲ್ಲಿಂದ ಬರುತ್ತೆ?" ಎಂದಳು. ಆಮೇಲೆ ಗಾಡಿ ಮಾರುವುದಾಗಿ ಟೈಲ್ಸ್ ಅಂಗಡಿಯವನಿಗೆ ಮಾತು ಕೊಟ್ಟಳು. ಅವನು ಆ ಭಾನುವಾರ ಸಂಜೆ ಬಂದು ಗಾಡಿ ನೋಡಿ ಒಯ್ಯುವವನಿದ್ದ. ನಾನು ಭಾವನ ಹತ್ತಿರ ಹೋಗಿ, "ಅವಳ ಜೊತೆ ಒಂದು ಸಲ ಕೂತ್ಕೊಳ್ಳಿ, ಅಷ್ಟು ಸಾಕು" ಎಂದು ಬೈದೇ ಹೇಳಿದ್ದೆ. ಭಾವ ತಲೆ ಕೆರೆದುಕೊಂಡರು. ಮಾತಾಡಬೇಕಾದ ಕಡೆ ಬಾಯಿಗೆ ಬೀಗ, ಬೇಡದ ಕಡೆ ವಟವಟ, ಇದು ಅವರ ಜಾಯಮಾನ. ಈಗ ನೋಡಿದರೆ, ಅಕ್ಕ ಸಂತೆಗೆ ಹೋದ ಕೂಡಲೇ ಅಂಗಡಿಯ ಬಟ್ಟೆಯ ಥಾನುಗಳ ಹಿಂದಿನಿಂದ ಒಂದು ಉದ್ದನೆಯ ಪೆಟ್ಟಿಗೆ ಎಳೆದು ತಂದಿದ್ದರು.

ಒಳಗಿದ್ದದ್ದು ಎರಡು ತುದಿಯೂ ಬಾಗಿದ ಒಂದು ದಪ್ಪ ಕಬ್ಬಿಣದ ಸರಳು. ಸ್ವೇ ಬಾರ್ ಎನ್ನುತ್ತಾರಂತೆ. ಹಿಂದಿನ ಚಕ್ರಗಳನ್ನು ಜೋಡಿಸುವ ಆಕ್ಸಲ್ಲಿಗೂ ಮೇಲಿನ ಚಾಸಿಗೂ, ಅಂದರೆ ಗಾಡಿಯ ಚೌಕಟ್ಟಿಗೂ, ಸೇರಿಸಿ ಕೂರಿಸಿದರೆ, ತಿರುವಿನಲ್ಲಿ ಗಾಡಿ ಒಂದು ಕಡೆಗೆ ಕುಸಿಯದಂತೆ ಇದು ಎರಡೂ ಕಡೆಯನ್ನು ಹಿಡಿದು ನಿಲ್ಲಿಸುತ್ತದೆ. ಕೆಳಗೆ ತೂರಲು ಜಾಗ ಬೇಕೆಂದು ಭಾವ ಜಾಕಿ ಕೊಟ್ಟು ಹಿಂಭಾಗವನ್ನು ಎತ್ತಿ, ಗಟ್ಟಿ ಸ್ಟ್ಯಾಂಡುಗಳ ಮೇಲೆ ನಿಲ್ಲಿಸಿದ್ದರು. ಅಲ್ಲಿಯವರೆಗೆ ಸರಿಯೇ.

ಆಮೇಲೆ ಶುರುವಾಯಿತು ದರ್ಜಿತನ. ಆಕ್ಸಲ್ಲನ್ನು ಟೇಪಿನಿಂದ ಅಳೆದರು, ನಡುವೆ ಸೀಮೆಸುಣ್ಣದಲ್ಲಿ ಗೆರೆ ಎಳೆದರು. ಸರಳಿನ ನಡುವೆಯೂ ಗೆರೆ ಎಳೆದರು. ಎರಡು ಗೆರೆಯನ್ನೂ ಕೂಡಿಸಿ, ಒಂದು ಕಣ್ಣು ಮುಚ್ಚಿ ನೋಡಿದರು. ರಬ್ಬರ್ ಬುಷ್‌ಗಳಿಗೆ ಗ್ರೀಸ್ ಹಚ್ಚಿ ಸರಳಿಗೆ ತೊಡಿಸುವಾಗ, ಮದುಮಗನಿಗೆ ಕೋಟು ತೊಡಿಸುವಷ್ಟು ನಾಜೂಕು.

"ಉಸಿರು ಬಿಗಿಹಿಡೀಬೇಡಿ, ಕೈ ಸಡಿಲ ಬಿಡಿ ಅಂತ ಗಿರಾಕಿಗಳಿಗೆ ಹೇಳೋ ಹಾಗೆ ಹೇಳ್ತೀರಾ ಅದಕ್ಕೂ?" ಎಂದೆ.

"ನೀನು ಬಾಯಿ ಬಿಗಿಹಿಡಿ ಸಾಕು, ಕಾಜಾ ರಾಣಿ."

ಯು ಬೋಲ್ಟುಗಳನ್ನು ಆಕ್ಸಲ್ಲಿನ ಸುತ್ತ ಏರಿಸಿದೆವು. ಎರಡು ತುದಿಯ ಕೊಂಡಿಗಳನ್ನು ಚಾಸಿಗೆ ಸೇರಿಸಿದೆವು. ನನ್ನ ಜಡೆಗೆ ಗ್ರೀಸ್ ಮೆತ್ತಿತು, ಅವರ ಮೂಗಿಗೆ ಹಳೆಯ ಕೆಸರು ಉದುರಿತು. ಆದರೆ ಅವರು ಒಂದೊಂದು ನಟ್ಟನ್ನೂ ಬೆರಳಿನಿಂದ ತಿರುಗಿಸಿ ನಿಲ್ಲಿಸಿಬಿಡುತ್ತಿದ್ದರು.

"ಭಾವ, ಬಿಗಿ ಮಾಡಿ."

"ಈಗಲ್ಲ. ಮೊದಲು ಕಚ್ಚಾ ಹೊಲಿಗೆ. ಗಾಡಿ ಗಾಳೀಲಿ ನೇತಾಡ್ತಿರೋವಾಗ ಬಿಗಿ ಮಾಡಿದ್ರೆ ರಬ್ಬರ್ ತಿರುಚಿಕೊಳ್ಳುತ್ತೆ. ಕಾಲ ಮೇಲೆ ನಿಂತ್ಮೇಲೆ ಬಿಗಿ ಮಾಡ್ಬೇಕು. ಬೇಕಿದ್ರೆ ಪೆಟ್ಟಿಗೇಲಿರೋ ಕಾಗದ ನೋಡು."

ನೋಡಿದೆ. ಹಾಗೇ ಇತ್ತು. ನನಗೆ ಹೊಟ್ಟೆಕಿಚ್ಚಾಯಿತು, ನಿಜ ಹೇಳುತ್ತೇನೆ.

ಸ್ಟ್ಯಾಂಡು ತೆಗೆದು, ಜಾಕಿ ಇಳಿಸಿ ಗಾಡಿಯನ್ನು ಚಕ್ರಗಳ ಮೇಲೆ ನಿಲ್ಲಿಸಿದೆವು. ನಾನು ಸ್ಪ್ಯಾನರ್ ಚಾಚಿದೆ. ಭಾವ ಕೈ ಒರೆಸಿಕೊಳ್ಳುತ್ತಾ ನಿಂತರು.

"ಈಗ ಬಿಗಿ ಮಾಡಿ."

"ಟ್ರಯಲ್ ಆಗ್ಲಿ."

"ಏನು?"

"ನಿಮ್ಮಕ್ಕ ಒಂದು ಸಲ ಓಡಿಸಿ ನೋಡ್ಲಿ. ಎಲ್ಲಿ ಹಿಡಿಯುತ್ತೆ, ಎಲ್ಲಿ ಸಡಿಲ ಆಗುತ್ತೆ ಅಂತ ಹೇಳ್ಲಿ. ಟ್ರಯಲ್ ನೋಡದೆ ಪಕ್ಕಾ ಹೊಲಿಗೆ ಹಾಕೋನು ಎಂಥ ದರ್ಜಿ?"

"ಅಯ್ಯೋ ದೇವರೇ! ಭಾವ, ಇದು ಬ್ಲೌಸ್ ಅಲ್ಲ, ಗಾಡಿ!"

"ಎಲ್ಲದಕ್ಕೂ ಒಂದೇ ನ್ಯಾಯ," ಎಂದರು. ಮೂವತ್ತು ವರ್ಷದ ಅಭ್ಯಾಸ, ನನ್ನ ಮಾತಿಗೆ ಸೊಪ್ಪು ಹಾಕುತ್ತದೆಯೇ? ನಾನು ಸ್ಪ್ಯಾನರ್ ಹಿಡಿದು ಕೆಳಗೆ ನುಗ್ಗುವಷ್ಟರಲ್ಲಿ ಗೇಟು ಕಿರ್ರೆಂದಿತು. ಅಕ್ಕ, ಎರಡೂ ಕೈಯಲ್ಲಿ ಚೀಲ.

ಅವಳು ನನ್ನ ಜಡೆ ನೋಡಿದಳು, ಗಂಡನ ಮೂಗು ನೋಡಿದಳು, ಖಾಲಿ ಪೆಟ್ಟಿಗೆ ನೋಡಿದಳು. ಬಗ್ಗಿ ಗಾಡಿಯ ಕೆಳಗೆ ನೋಡಿದಳು. ಅಕ್ಕನಿಗೆ ಗಾಡಿಯ ವಿಷಯ ಯಾರೂ ವಿವರಿಸಬೇಕಾಗಿಲ್ಲ.

"ಇದೇನು ರೀ?"

"ಅದು... ವಾಲಬಾರದು ಅಂತ..."

"ಸಂಜೆ ಕೊಟ್ಟು ಕಳಿಸೋ ಗಾಡಿಗೆ ಇವತ್ತು ಇದನ್ನ ಹಾಕಿದ್ದೀರಾ?" ಎಂದಳು ಅಕ್ಕ. "ನಾನಿಷ್ಟು ದಿನ ವಾಲಿಸ್ಕೊಂಡೇ ಓಡಿಸ್ದೆ. ಟೈಲ್ಸ್‌ನೋರು ಮಾತ್ರ ಸುಖವಾಗಿ ಓಡಾಡ್ಲಿ ಅಂತಾನಾ?"

ಭಾವ ಮತ್ತೆ ಕೈ ಒರೆಸಿಕೊಳ್ಳತೊಡಗಿದರು. ನನಗೆ ಅವರ ಬೆನ್ನಿಗೆ ಗುದ್ದಬೇಕೆನಿಸಿತು. ಹೇಳಿ ಮಾರಾಯ್ರೇ, ನಿನಗೋಸ್ಕರ ತಂದೆ ಅಂತ ಹೇಳಿ! ಅವರ ಬಾಯಿಂದ ಕೊನೆಗೂ ಬಂದದ್ದು ಒಂದೇ ಮಾತು: "ಟ್ರಯಲ್ ನೋಡು."

ಅಕ್ಕ ಚೀಲಗಳನ್ನು ನನ್ನ ಕೈಗೆ ತುರುಕಿ, ಗಾಡಿ ಹತ್ತಿ, ಬಾಗಿಲು ಧಡಾರನೆ ಹಾಕಿಕೊಂಡಳು. "ಅಕ್ಕಾ, ನಟ್ಟು..." ಎಂದು ನಾನು ಕೂಗುವಷ್ಟರಲ್ಲಿ ಗಾಡಿ ಗೇಟು ದಾಟಿತ್ತು. ಬೀದಿಯ ಕೊನೆಯ ಹಂಪ್ ಹತ್ತಿ ಇಳಿದಾಗ ಹಿಂದಿನಿಂದ ಗಡಗಡಗಡ ಎಂಬ ಸದ್ದು ಬಂತು, ಅಡುಗೆಮನೆಯ ಪಾತ್ರೆಗಳನ್ನೆಲ್ಲ ಮೆಟ್ಟಿಲ ಮೇಲಿಂದ ಉರುಳಿಸಿದ ಹಾಗೆ. ಎದುರುಮನೆಯ ಅಜ್ಜಿ ಕಿಟಕಿಗೆ ಬಂದರು. ಭಾವನ ಮುಖ ಸಣ್ಣದಾಯಿತು.

ಅಕ್ಕ ಅಲ್ಲಿಂದಲೇ ತಿರುಗಿಸಿಕೊಂಡು ಬಂದಳು, ಆಮೆಯ ಹಾಗೆ. ಇಳಿದು ಸೊಂಟದ ಮೇಲೆ ಕೈಯಿಟ್ಟಳು.

"ನಟ್ಟು ಬಿಗಿ ಮಾಡಿಲ್ವಾ?"

"ಟ್ರಯಲ್ ಆಗದೆ ಹೆಂಗೆ..." ಎಂದರು ಭಾವ, ಟೇಪಿನ ತುದಿಯನ್ನು ಬೆರಳಿಗೆ ಸುತ್ತುತ್ತಾ. "ಎಲ್ಲಾದರೂ ಹಿಡಿಯುತ್ತೇನೋ ಅಂತ..."

ನನಗೆ ತಡೆಯಲಾಗಲಿಲ್ಲ. ಚೀಲಗಳನ್ನು ನೆಲಕ್ಕಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕೆ. ಅಕ್ಕನ ತುಟಿಯ ಕೊನೆಯೂ ಅಲುಗಿತು, ಆದರೆ ಅವಳು ಅದನ್ನು ಹಿಡಿದು ನಿಲ್ಲಿಸಿದಳು. ಸ್ಪ್ಯಾನರ್ ಕಿತ್ತುಕೊಂಡು ತಾನೇ ಕೆಳಗೆ ತೂರಿದಳು.

"ಗಿರಾಕಿ ನಾನಲ್ಲ ರೀ," ಎಂದು ಕೆಳಗಿನಿಂದ ಮಾತು ಬಂತು. ಪ್ರತಿ ಮಾತಿಗೂ ನಟ್ಟು ಒಂದು ಸುತ್ತು ಬಿಗಿಯಾಗುತ್ತಿತ್ತು. "ನಾನು ಈ ಗಾಡೀಲಿ ದಿನಾ ಕೂರ್ತೀನಿ. ಕೂರೋಕಾಗದೆ ಇಳಿದು ಹೋದೋರು ನೀವು. ಟ್ರಯಲ್ ನೋಡ್ಬೇಕಾದೋರು ಯಾರು, ನೀವೇ ಹೇಳಿ."

ಭಾವ ಸೀಮೆಸುಣ್ಣವನ್ನು ಕಿವಿಯಿಂದ ತೆಗೆದು ಜೇಬಿಗೆ ಹಾಕಿಕೊಂಡರು. ನಾನೂ ನಗು ನಿಲ್ಲಿಸಿದೆ.

ಟೈಲ್ಸ್ ಅಂಗಡಿಯವನು ಹೇಳಿದ ಹೊತ್ತಿಗಿಂತ ಬಹಳ ಮೊದಲೇ ಬಂದ. ದುಂಡಗಿನ, ನಗುಮುಖದ ಮನುಷ್ಯ; ಪಾಪ, ಅವನದ್ದೇನೂ ತಪ್ಪಿಲ್ಲ. ಚಕ್ರಕ್ಕೆ ಒದ್ದು ನೋಡಿದ, ಬಾನೆಟ್ ಎತ್ತಿ ತನಗೆಲ್ಲ ಗೊತ್ತಿರುವವನಂತೆ ತಲೆಯಾಡಿಸಿದ. ಆಮೇಲೆ, "ಲೋಡ್ ಹಾಕ್ಕೊಂಡು ಓಡಿಸಿದ್ರೆ ಹೆಂಗಿರುತ್ತೆ ನೋಡೋಣ ಅಕ್ಕಾವ್ರೇ," ಎಂದ.

ಲೋಡಿಗೆ ಬೇರೇನೂ ಸಿಗಲಿಲ್ಲ, ನಮ್ಮ ಮನೆಯ ಬೀರುವೇ ಹೊರಬಂತು. ಒಳಗಿನ ಬಟ್ಟೆಯನ್ನೆಲ್ಲ ಮಂಚದ ಮೇಲೆ ಸುರಿದೆವು (ಮತ್ತೆ ಮಡಿಸಿಡುವವಳು ಯಾರು ಎಂದು ಯಾರೂ ಕೇಳಲಿಲ್ಲ). ಟೈಲ್ಸ್‌ನವನೂ ಭಾವನೂ ಏದುಸಿರು ಬಿಡುತ್ತಾ ಅದನ್ನು ಹೇರಿ ನಿಲ್ಲಿಸಿದರು. ಅಕ್ಕ ಹಗ್ಗ ಕಟ್ಟಿ, ಎಳೆದು ನೋಡಿ, ಸ್ಟೇರಿಂಗ್ ಹಿಂದೆ ಕೂತಳು. ಟೈಲ್ಸ್‌ನವನು ಬೆವರು ಒರೆಸಿಕೊಂಡು, ಆಚೆ ಕಡೆಯ ಬಾಗಿಲು ತೆಗೆದು, ಒಂದು ಕಾಲು ಮೇಲಿಟ್ಟ.

"ಇಳೀರಿ," ಎಂದರು ಭಾವ.

ನಾನು ತಿರುಗಿ ನೋಡಿದೆ. ಅವರು ಗಿರಾಕಿಗಳ ಮೇಲೂ ಅಷ್ಟು ಜೋರಾಗಿ ಮಾತಾಡಿದ್ದು ಕೇಳಿರಲಿಲ್ಲ.

"ಅಲ್ಲ ಸ್ವಾಮಿ, ನಾನು ಗಾಡಿ ನೋಡೋಕೆ..."

"ಇಳೀರಿ ಅಂದೆ. ಅದು ನನ್ನ ಜಾಗ."

ಅವನು ಇಳಿದ. ಭಾವ ಹತ್ತಿದರು. ಇಂಥದ್ದನ್ನು ನೋಡದೆ ಬಿಡುವವಳೇ ನಾನು? ಭಾವನನ್ನು ಅಕ್ಕನ ಕಡೆಗೆ ಒತ್ತರಿಸಿ ನಾನೂ ಹತ್ತಿ ಬಾಗಿಲು ಹಾಕಿಕೊಂಡೆ. ಟೈಲ್ಸ್‌ನವನು ನಮ್ಮ ಅಂಗಳದಲ್ಲೇ ಉಳಿದ.

ಅಕ್ಕ ಸೇತುವೆಯ ದಾರಿ ಹಿಡಿದಳು. ಸೇತುವೆ ಕಾಣುತ್ತಿದ್ದ ಹಾಗೆ ಭಾವ ಕಣ್ಣು ಮುಚ್ಚಿದರು. ಒಂದು ಕೈಯಲ್ಲಿ ಸೀಟು, ಇನ್ನೊಂದರಲ್ಲಿ ನನ್ನ ಮಣಿಕಟ್ಟು. ಹಿಡಿತ ಎಂಥದ್ದೆಂದರೆ ನನ್ನ ಬೆರಳು ಜೋಮು ಹಿಡಿಯಿತು. ಅಕ್ಕ ಇಳಿಜಾರಿನಲ್ಲಿ ನಿಧಾನ ಮಾಡಿದಳು. ಆದರೆ ಎಷ್ಟು ಬೇಕೋ ಅಷ್ಟೇ. ಎತ್ತಿನಗಾಡಿಯ ನಿಧಾನ ಅಲ್ಲ. ಸ್ಟೇರಿಂಗ್ ತಿರುಗಿಸಿದಳು. ಹಿಂದೆ ಬೀರು ಒಮ್ಮೆ ಕಿರುಗುಟ್ಟಿ ಸುಮ್ಮನಾಯಿತು. ಗಾಡಿ ತುಸುವೇ ಬಾಗಿ, ಹಾಗೇ ಗಟ್ಟಿಯಾಗಿ ನಿಂತು ತಿರುಗಿಕೊಂಡಿತು. ಎದುರಿನ ನೆಟ್ಟಗಿನ ರಸ್ತೆ ಬಂದುಬಿಟ್ಟಿತ್ತು.

"ತಿರುವು ಬಂತಾ?" ಎಂದರು ಭಾವ, ಕಣ್ಣು ಬಿಗಿಯಾಗಿ ಮುಚ್ಚಿಕೊಂಡೇ.

ನಾನು ಬಾಯಿ ತೆರೆಯುವ ಮೊದಲೇ ಅಕ್ಕ ಹೇಳಿದಳು: "ಹೋಗಿ ಆಯ್ತು ರೀ."

ಭಾವ ಕಣ್ಣು ಬಿಟ್ಟರು. ಮುಂದೆ ನೋಡಿದರು, ಹಿಂದೆ ನೋಡಿದರು. ಸೇತುವೆ ನಿಜವಾಗಿಯೂ ಹಿಂದೆ ಇತ್ತು. ಅಕ್ಕ ರಸ್ತೆಯ ಬದಿಗೆ ತಂದು ಗಾಡಿ ನಿಲ್ಲಿಸಿದಳು.

"ಅವತ್ತು ನಾನು ಕಿರುಚಿದ್ದು ನಿನ್ನ ಕೈಗೆ ಹೆದರಿ ಅಲ್ಲ ಕಣೇ," ಎಂದರು ಭಾವ. "ಗಾಡಿ ನಿನ್ನ ಕಡೆಗೆ ವಾಲ್ತು. ನಾನು ಮೇಲೆ ಇದ್ದೆ, ನೀನು ಕೆಳಗೆ ಇದ್ದೆ. ಮಗುಚಿಕೊಂಡ್ರೆ ಎಲ್ಲಾ ನಿನ್ನ ಮೇಲೇನೇ. ನಾನು ಕೂತು ಅದನ್ನ ನೋಡ್ತಾ ಇದ್ದೆ. ಮತ್ತೊಂದು ಸಲ ಅದನ್ನ ನೋಡೋಕೆ ನನ್ನ ಕೈಲಿ ಆಗಲ್ಲ ಅನ್ನಿಸ್ತು. ಅಷ್ಟೇ."

"ಅಷ್ಟೇನಾ?" ಅಕ್ಕನ ಕಣ್ಣಿಂದ ನೀರು ಇಳಿಯುತ್ತಿತ್ತು, ಬಾಯಿ ಮಾತ್ರ ಬೈಯುತ್ತಿತ್ತು. "ಇದನ್ನ ಇಷ್ಟು ದಿನ ಹೊಟ್ಟೇಲಿಟ್ಕೊಂಡು ಕಬ್ಬಿಣ ತಂದು ಜೋಡಿಸೋ ಬದಲು ಬಾಯಿ ಬಿಟ್ಟು ಹೇಳೋಕೆ ಏನಾಗಿತ್ತು? ನಾನು ಏನೇನೋ ಅಂದ್ಕೊಂಡು ಎಷ್ಟು ರಾತ್ರಿ ನಿದ್ದೆ ಇಲ್ದೆ ಹೊರಳಾಡಿದ್ದೀನಿ ಗೊತ್ತಾ?"

"ತಪ್ಪಾಯ್ತು," ಎಂದರು ಭಾವ. ಅವರ ಬಾಯಲ್ಲಿ ಆ ಮಾತು ನಾನು ಕೇಳಿದ್ದು ಅದೇ ಮೊದಲು. ರೇಗಿಸಲು ಅಷ್ಟು ಒಳ್ಳೆಯ ಅವಕಾಶ ಮತ್ತೆ ಸಿಗುವುದಿಲ್ಲ, ಆದರೂ ನಾನು ಕಿಟಕಿಯ ಕಡೆ ತಿರುಗಿ ಸುಮ್ಮನೆ ಕೂತೆ.

ಅಕ್ಕ ಮುಖ ಒರೆಸಿಕೊಂಡು ಗಾಡಿ ಸ್ಟಾರ್ಟ್ ಮಾಡಿ, ಸೇತುವೆಯ ಆಚೆ ತುದಿಯವರೆಗೆ ಹಿಂದಿರುಗಿ, ಅಲ್ಲಿಂದ ಮನೆಯ ಕಡೆಗಲ್ಲದೆ ಮತ್ತೆ ಸೇತುವೆಯ ಕಡೆಗೇ ತಿರುಗಿಸಿದಳು.

"ಅಕ್ಕಾ, ಟೈಲ್ಸ್‌ನೋರು ಕಾಯ್ತಿರ್ತಾರೆ," ಎಂದೆ.

"ಗಾಡಿ ಕೊಡಲ್ಲ ಅಂತ ಫೋನ್ ಮಾಡಿ ಹೇಳು. ಬೀರು ಇಳಿಸೋಕೆ ಮಾತ್ರ ಸ್ವಲ್ಪ ಇರಿ ಅನ್ನು," ಎಂದಳು ಅಕ್ಕ. ಆಮೇಲೆ ಗಂಡನಿಗೆ, "ಈ ಸಲ ಕಣ್ಣು ಬಿಟ್ಕೊಂಡು ಕೂತ್ಕೊಳ್ಳಿ," ಎಂದಳು.

ಭಾವ ನನ್ನ ಮಣಿಕಟ್ಟು ಬಿಟ್ಟು ನೆಟ್ಟಗೆ ಕೂತರು. ಸೇತುವೆ ಬಂತು, ಇಳಿಜಾರು ಬಂತು, ತಿರುವೂ ಬಂತು. ಅವರು ಕಣ್ಣು ಬಿಟ್ಟುಕೊಂಡೇ ಇದ್ದರು, ಆದರೆ ರಸ್ತೆಯ ಕಡೆ ನೋಡುತ್ತಿರಲಿಲ್ಲ. ತಿರುವು ಮುಗಿಯುವ ತನಕ ಅಕ್ಕನನ್ನೇ ನೋಡುತ್ತಿದ್ದರು.