ಮರಳುವ ದಿನದ ಬಟ್ಟೆ

ಮೊದಲು ಮರಳುವ ದಿನದ ಬಟ್ಟೆ, ಅದರ ಮೇಲೆ ಹೊಸವರ್ಷದ್ದು, ಅದರ ಮೇಲೆ ಹಬ್ಬಗಳ ನಡುವಣ ದಿನಗಳ ಮನೆಬಟ್ಟೆ, ಅದರ ಮೇಲೆ ಕ್ರಿಸ್‌ಮಸ್ಸಿನದು, ಎಲ್ಲಕ್ಕಿಂತ ಮೇಲೆ ಹೊರಡುವ ದಿನದ್ದು: ಪ್ರತಿವರ್ಷ ಕ್ರಿಸ್‌ಮಸ್ಸಿಗೆ ಊರಿಗೆ ಹೋಗುವಾಗ ಲಾಗೋಸಿನ ಒಬಿಯಾಗೇಲಿಯ ಮನೆಯಲ್ಲಿ ಮಕ್ಕಳ ಸೂಟ್‌ಕೇಸು ತುಂಬುವ ಕ್ರಮ ಇದು. ಕೊನೆಗೆ ಬೇಕಾಗುವುದು ತಳಕ್ಕೆ, ಮೊದಲು ಬೇಕಾಗುವುದು ಮೇಲಕ್ಕೆ. ಹೀಗೆ ತುಂಬಿದರೆ ಊರಿನಲ್ಲಿ ಯಾವ ದಿನವೂ ಕೈಹಾಕಿ ಕೆದಕಬೇಕಾಗುವುದಿಲ್ಲ; ದಿನ ಕಳೆದಂತೆ ಪೆಟ್ಟಿಗೆ ತಾನಾಗಿ ಖಾಲಿಯಾಗುತ್ತದೆ. ಒಂದು ಮಗುವಿನ ಒಂದು ದಿನದ ಅಂಗಿ, ಒಳಬಟ್ಟೆ, ಕಾಲುಚೀಲ ಎಲ್ಲವನ್ನೂ ಒಟ್ಟಿಗೆ ಸುರುಳಿ ಸುತ್ತಿ, ಕಪ್ಪು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಬಾಯಿಗೆ ದಾರ ಕಟ್ಟಬೇಕು. ಮಗಳು ಕೋಸಿಗೆ ಕೆಂಪು ದಾರ, ಮಗ ಡುಬೆಮ್‌ಗೆ ನೀಲಿ ದಾರ, ಮೂರನೆಯ ಮಗುವಿಗೆ ಬಿಳಿ ದಾರ.

ಮೂರನೆಯ ಮಗು ನ್ವಾಮಕಾ. ಒಬಿಯಾಗೇಲಿ ಅವಳ ದೊಡ್ಡಮ್ಮ, ಸತ್ತುಹೋದ ಅಪ್ಪನ ಅಣ್ಣನ ಹೆಂಡತಿ. ಏಳು ವರ್ಷದವಳಿದ್ದಾಗ ಅವಳನ್ನು ಊರಿನಿಂದ ಕರೆತಂದು ಇರಿಸಿಕೊಂಡಿದ್ದರು. ಮೊದಲ ವರ್ಷ ಅವಳು ದಾರ ಕತ್ತರಿಸಿ ಕೊಡುತ್ತಿದ್ದಳು, ಆಮೇಲೆ ಸುರುಳಿ ಸುತ್ತಲು ಕಲಿತಳು. ಈಗ ಹನ್ನೆರಡಾಗಿದೆ, ಇಡೀ ಸೂಟ್‌ಕೇಸು ಅವಳದೇ ಕೆಲಸ. ಅಂಗಿಯ ತೋಳುಗಳನ್ನು ಬೆನ್ನಿಗೆ ಮಡಚಿ, ಕತ್ತಿನ ಕಡೆಯಿಂದ ಸುತ್ತಿಕೊಂಡು ಬಂದರೆ ಕಾಲರಿನ ಇಸ್ತ್ರಿ ಕೆಡುವುದಿಲ್ಲ ಎಂಬುದನ್ನು ಅವಳೇ ಕಂಡುಕೊಂಡಿದ್ದಳು.

ಇನ್ನೊಂದು ಸಂಗತಿಯನ್ನೂ ಅವಳು ಕಂಡುಕೊಂಡಿದ್ದಳು, ಅದನ್ನು ಯಾರಿಗೂ ಹೇಳಿರಲಿಲ್ಲ. ಎರಡು ವರ್ಷದ ಹಿಂದೆ, ಡುಬೆಮ್‌ನನ್ನು ಎತ್ತಿ ಆಡಿಸುತ್ತಿದ್ದ ರೋಸ್ಲಿನ್ ಎಂಬ ಹುಡುಗಿಗೆ ಎಲ್ಲ ಪದರಗಳಲ್ಲೂ ಚೀಲ ಇತ್ತು, ತಳದ ಪದರವೊಂದನ್ನು ಬಿಟ್ಟು. ಆ ಸಲ ಕಾರು ಲಾಗೋಸಿಗೆ ಮರಳಿದಾಗ ರೋಸ್ಲಿನ್ ಅದರಲ್ಲಿರಲಿಲ್ಲ. ತಳದಲ್ಲಿ ಚೀಲವಿದ್ದವರು ಮರಳುತ್ತಾರೆ. ಇಲ್ಲದವರು ಇಲ್ಲ.

ಈ ವರ್ಷ ಆ ತಳದ ಮೇಲೆಯೇ ಅವಳ ಕಣ್ಣು. ಅವಳನ್ನು ಕರೆತಂದ ದಿನ ದೊಡ್ಡಮ್ಮ ಅಮ್ಮನಿಗೆ ಮಾತು ಕೊಟ್ಟಿದ್ದಳು: "ಮನೆಗೆಲಸಕ್ಕೆ ಕೈ ಹಾಕ್ಲಿ, ಆರನೇ ತರಗತಿವರೆಗೂ ಇಲ್ಲೇ ಗಲ್ಲಿ ಶಾಲೆಗೆ ಹೋಗ್ಲಿ. ಅದಾದ್ಮೇಲೆ ದೊಡ್ಡ ಶಾಲೆಗೆ ನಾನೇ ಸೇರಿಸ್ತೀನಿ." ಆರನೇ ತರಗತಿ ಜುಲೈಯಲ್ಲೇ ಮುಗಿದಿತ್ತು. ಸೆಪ್ಟೆಂಬರಿನಲ್ಲಿ ಸೇರಿಸಬೇಕಿತ್ತು. ಆಗ ದೊಡ್ಡಮ್ಮ, "ಜನವರಿಗೆ ನೋಡೋಣ" ಎಂದಿದ್ದಳು. ದೊಡ್ಡಪ್ಪನನ್ನು ಕೇಳಿದರೆ ಪತ್ರಿಕೆಯಿಂದ ತಲೆ ಎತ್ತದೆ, "ನಿಮ್ಮ ದೊಡ್ಡಮ್ಮನ್ನ ಕೇಳಮ್ಮ" ಎಂದಿದ್ದ. ಜನವರಿಯಲ್ಲಿ ಲಾಗೋಸಿನಲ್ಲಿರಬೇಕಾದರೆ ತಳದಲ್ಲಿ ಬಿಳಿ ದಾರದ ಚೀಲವಿರಬೇಕು.

ಡಿಸೆಂಬರಿನ ಮೊದಲ ವಾರ ಊರಿನ ಬಸ್ಸಿನಲ್ಲಿ ಅಮ್ಮನಿಂದ ಒಂದು ಗಂಟು ಬಂತು. ಒಣಗಿಸಿದ ಕಹಿಸೊಪ್ಪು, ಅದರ ನಡುವೆ ಎರಡು ಗಂಟು ಹಾಕಿದ ಒಂದು ದಾರ.

"ನಿನ್ನ ತಂಗಿ ಅಳತೆ ಅದು," ಎಂದಳು ದೊಡ್ಡಮ್ಮ. "ಭುಜದಿಂದ ಮೊಣಕಾಲಿಗೆ. ದರ್ಜಿ ಹತ್ರ ಕೊಟ್ಟು ಬಾ. ಕೋಸಿಗೆ ತಂದ ಕಂದು ಚೌಕಳಿ ಬಟ್ಟೆಲೇ ಒಂದು ಹೊಲೀಲಿ. ಅಂಚಿನೊಳಗೆ ಮೂರು ಬೆರಳು ಬಟ್ಟೆ ಬಿಡೋಕೆ ಹೇಳು."

ನ್ವಾಮಕಾಳಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ತಂಗಿ ಎಬೆಲೆಗೆ ಈಗ ಏಳು ವರ್ಷ. ಅಂಗಡಿಯ ವಾಸನೆಯ ಬಟ್ಟೆಯನ್ನು ಅವಳು ಒಮ್ಮೆಯೂ ತೊಟ್ಟವಳಲ್ಲ. ದಾರವನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ನ್ವಾಮಕಾ ಗಲ್ಲಿಯ ತುದಿಗೆ ಓಡಿದಳು.

ದರ್ಜಿ ಮುದುಕಿ ದಾರವನ್ನು ಮೇಜಿನ ಮೇಲೆ ಎಳೆದು ನೋಡಿ ನಕ್ಕಳು. "ಇದು ಮಗೂದೋ ಮೇಕೆಮರೀದೋ? ನಿಮ್ಮೂರಲ್ಲಿ ಊಟ ಹಾಕಲ್ವೇನೇ?"

"ಅವಳು ಸಣ್ಣಕ್ಕಿದ್ದಾಳೆ ಅಜ್ಜಿ, ಅಷ್ಟೆ. ಒಳಗೆ ಮೂರು ಬೆರಳು ಬಿಡ್ಬೇಕಂತೆ."

"ಹಬ್ಬದ ಬಟ್ಟೆಗೆ ಮೂರು ಬೆರಳಾ? ಎಷ್ಟು ವರ್ಷ ಉಡಿಸ್ತಾಳಂತೆ ನಿಮ್ಮಮ್ಮಣ್ಣಿ?"

ಪೆಟ್ಟಿಗೆ ತುಂಬುವ ದಿನ ಬೆಳಗ್ಗೆಯಿಂದಲೇ ಧೂಳುಗಾಳಿ ಬೀಸುತ್ತಿತ್ತು. ಕಿಟಕಿ ಮುಚ್ಚಿಕೊಂಡು ಕೆಲಸ ನಡೆಯಿತು. ಒಂದು ಚಕ್ರ ಮುರಿದ ಕೆಂಪು ಸೂಟ್‌ಕೇಸು ನೆಲದ ಮೇಲೆ ಬಾಯಿ ತೆರೆದು ಬಿದ್ದಿತ್ತು. ಕೋಸಿ ಹಬ್ಬಕ್ಕೆಂದು ಕೊಂಡ ಪ್ಲಾಸ್ಟಿಕ್ ಕಪ್ಪು ಕನ್ನಡಕವನ್ನು ಆಗಲೇ ಏರಿಸಿಕೊಂಡು ಮಂಚದ ಮೇಲೆ ಕಾಲು ಚಾಚಿದ್ದಳು.

"ನನ್ನ ಕೆಂಪು ಚೀಲ ತಳದಲ್ಲಿ. ಡುಬೆಮ್‌ದು ತಳದಲ್ಲಿ. ನಿಂದೆಲ್ಲೇ ನ್ವಾಮಕಾ?"

"ದೊಡ್ಡಮ್ಮ ಕೊಡ್ತಾರೆ."

"ಕೊಡದಿದ್ರೆ ಅಲ್ಲೇ ಮೇಕೆ ಕಾಯ್ಕೊಂಡಿರು, ರೋಸ್ಲಿನ್ ಥರ."

"ರೋಸ್ಲಿನ್‌ಗೆ ಮೇಕೆನೂ ಇಲ್ವಂತೆ," ಎಂದ ಡುಬೆಮ್ ಬಹಳ ಗಂಭೀರವಾಗಿ. "ಬರೀ ಕಾಯೋದಂತೆ." ಅಕ್ಕ ತಮ್ಮ ಇಬ್ಬರೂ ಮಂಚದ ಮೇಲೆ ಬಿದ್ದು ಉರುಳಾಡಿ ನಕ್ಕರು.

ನ್ವಾಮಕಾ ಕೈ ನಿಲ್ಲಿಸಿಕೊಂಡು ತಳದ ಪದರವನ್ನು ನೋಡುತ್ತಿದ್ದಳು. ಎರಡು ಚೀಲ, ಪಕ್ಕದಲ್ಲಿ ಮತ್ತೊಂದು ಚೀಲದಷ್ಟು ಜಾಗ. ಆ ಜಾಗ ತುಂಬದೆ ಮುಂದಿನ ಪದರ ಇಡುವಂತಿಲ್ಲ, ಇಟ್ಟರೆ ಒಂದು ಕಡೆ ಕುಸಿಯುತ್ತದೆ. ಅದನ್ನು ಹೇಳಿಯೇ ಕೇಳಬಹುದೆ ಎಂದು ಅವಳು ಯೋಚಿಸುತ್ತಿದ್ದಾಗ ದೊಡ್ಡಮ್ಮ ಒಳಗೆ ಬಂದಳು. ಅವಳ ಕೈಯಲ್ಲಿ ಒಂದು ಕಪ್ಪು ಚೀಲವಿತ್ತು. ಬಾಯಿಗೆ ಬಿಳಿ ದಾರ ಕಟ್ಟಿ ಆಗಿತ್ತು.

"ಇದನ್ನೂ ತಳಕ್ಕಿಡು. ಬಿಚ್ಚಬೇಡ, ಇಸ್ತ್ರಿ ಕೆಡುತ್ತೆ."

ನ್ವಾಮಕಾ ಎರಡೂ ಕೈಯಲ್ಲಿ ತೆಗೆದುಕೊಂಡಳು. ಪ್ಲಾಸ್ಟಿಕ್ಕಿನ ಮೇಲಿಂದಲೇ ಬೆರಳಿಗೆ ತಿಳಿಯುತ್ತಿತ್ತು: ಒಗೆದ ಬಟ್ಟೆಯಲ್ಲ, ಗಂಜಿ ಹೋಗದ ಹೊಸ ಬಟ್ಟೆ. ಮರಳುವ ದಿನ ನೆರೆಯವರ ಕಣ್ಣೆದುರು ಮಕ್ಕಳು ನೀಟಾಗಿ ಇಳಿಯಬೇಕೆಂಬುದು ದೊಡ್ಡಮ್ಮನ ಹಟ. ಕೋಸಿ, ಡುಬೆಮ್‌ಗೆ ಪ್ರತಿವರ್ಷ ಅದಕ್ಕೆಂದೇ ಹೊಸದು. ನ್ವಾಮಕಾಳಿಗೆ ಹೊಸದು ಇದೇ ಮೊದಲು. ಅವಳು ಚೀಲವನ್ನು ಆ ಖಾಲಿ ಜಾಗಕ್ಕೆ ಇಟ್ಟಳು. ಅಳತೆ ಮಾಡಿ ಬಿಟ್ಟಂತೆ ಕೂತಿತು.

"ಸರಿಯಾಯ್ತಾ?" ಎಂದಳು ದೊಡ್ಡಮ್ಮ. "ಮರಳೋರು ಮೂರು ಮಕ್ಕಳು, ಮೂರು ಚೀಲ."

"ಸರಿಯಾಯ್ತು ದೊಡ್ಡಮ್ಮ."

"ಇನ್ನೊಂದು. ನಿನ್ನ ಹಳೇ ಬಟ್ಟೆ ಎಷ್ಟಿದೆಯೋ ಅಷ್ಟೂ ಗೋಣಿಚೀಲಕ್ಕೆ ತುಂಬು. ಊರಿಗೆ ಒಯ್ಯೋಣ. ಯಾರಿಗಾದ್ರೂ ಆಗುತ್ತೆ."

ಹಳೆಯದೆಲ್ಲ ಹೋದರೆ ಹೊಸದು ಬರಲೇಬೇಕು, ಅಂದರೆ ಶಾಲೆಯ ಸಮವಸ್ತ್ರ ಬರುತ್ತದೆ: ನ್ವಾಮಕಾ ಲೆಕ್ಕ ಹಾಕಿದ್ದು ಹೀಗೆ. ಉಳಿದ ಪದರಗಳನ್ನು ಅವಳು ಎಂದಿಗಿಂತ ಬಿಗಿಯಾಗಿ, ಎಂದಿಗಿಂತ ಸಾಲಾಗಿ ಇಟ್ಟಳು. ಕ್ರಿಸ್‌ಮಸ್ ಪದರಕ್ಕೆ ಬಂದಾಗ ಮಾತ್ರ ಅನುಮಾನ ಬಂತು.

"ದೊಡ್ಡಮ್ಮ, ಎಬೆಲೆ ಬಟ್ಟೆ ಕಾಣಿಸ್ತಿಲ್ಲ."

"ಸೂಟ್‌ಕೇಸಿಗೆ ಏನು ಹಾಕ್ಬೇಕು ಅನ್ನೋದನ್ನ ನಾನು ಯಾವತ್ತಾದ್ರೂ ಮರ್ತಿದ್ದೀನಾ?"

"ಇಲ್ಲ ದೊಡ್ಡಮ್ಮ."

"ಹಾಗಿದ್ರೆ ಮುಚ್ಚು."

ಅವಳು ಮುಚ್ಚಿದಳು. ಜಿಪ್ಪು ಎಳೆಯಲು ಕೋಸಿಯನ್ನು ಮೇಲೆ ಕೂರಿಸಬೇಕಾಯಿತು.

ನೈಜರ್ ನದಿಯ ಸೇತುವೆಯ ಮೇಲೆ ಊರಿಗೆ ಹೋಗುವ ಕಾರುಗಳೆಲ್ಲ ಇರುವೆ ಸಾಲಿನಂತೆ ತೆವಳುತ್ತಿದ್ದವು. ಹಿಂದಿನ ಸೀಟಿನಲ್ಲಿ ಗೋಣಿಚೀಲವನ್ನು ತೊಡೆಯ ಮೇಲಿಟ್ಟುಕೊಂಡು ನ್ವಾಮಕಾ ಮೊಣಕಾಲು ಮರಗಟ್ಟಿಸಿಕೊಂಡು ಕುಳಿತಳು, ಬೇಸರವಾಗಲಿಲ್ಲ. ಊರು ತಲುಪಿ, ಹಿತ್ತಿಲಿನಲ್ಲಿ ಅಮ್ಮ ಒಬ್ಬಳೇ ಸಿಕ್ಕ ಕೂಡಲೆ ಅವಳು ಮೊದಲು ಹೇಳಿದ್ದು ಅದನ್ನೇ.

"ಅಮ್ಮ, ತಳದಲ್ಲಿ ನನ್ನ ಚೀಲ ಇದೆ. ಜನವರಿಗೆ ಶಾಲೆ."

ಅಮ್ಮ ಒಲೆಗೆ ಊದುತ್ತಿದ್ದಳು. ಹೊಗೆಗೆ ಮುಖ ತಿರುಗಿಸಿಕೊಂಡಳು. "ಸೌದೆ ತಾ ಮೊದ್ಲು," ಎಂದಳು.

ಕ್ರಿಸ್‌ಮಸ್ಸಿನ ಬೆಳಗ್ಗೆ ಕೇರಿಯ ಮಕ್ಕಳೆಲ್ಲ ಹೊಸ ಬಟ್ಟೆ, ಕಪ್ಪು ಕನ್ನಡಕ, ಮುಳ್ಳು ಓಡದ ಆಟಿಕೆ ಗಡಿಯಾರ ತೊಟ್ಟು ಮನೆಯಿಂದ ಮನೆಗೆ ಹೊರಟರು. ಕೋಸಿ ಜರಿ ಅಂಚಿನ ಲಂಗದಲ್ಲಿ ಮಿರುಗುತ್ತಿದ್ದಳು. ಡುಬೆಮ್ ಕೋಟು ಹಾಕಿಕೊಂಡು ಬೆವರುತ್ತಿದ್ದ. ನ್ವಾಮಕಾಳ ಮೈಮೇಲೆ ದೊಡ್ಡಮ್ಮನ ಹಳೆಯ ಕುಪ್ಪಸವನ್ನು ಕತ್ತರಿಸಿ ಹೊಲಿದ ಅಂಗಿ. ಎಬೆಲೆಗೆ ಮಾತ್ರ ಏನೂ ಬಂದಿರಲಿಲ್ಲ. ಕಂಕುಳಲ್ಲಿ ಹರಿದ ಹಳೆಯ ಅಂಗಿಯಲ್ಲೇ ಅವಳು ಅಕ್ಕನ ಕೈ ಹಿಡಿದು ನಡೆದಳು.

"ಏ ಎಬೆಲೆ, ನಿಮ್ಮನೆಗೆ ಕ್ರಿಸ್‌ಮಸ್ ಇನ್ನೂ ಬಂದಿಲ್ವಾ?" ಪಕ್ಕದ ಮನೆಯ ಹುಡುಗಿ ಕೂಗಿದಳು. "ದಾರೀಲಿ ಬಸ್ ಕೆಟ್ಟಿದ್ಯಂತೆ, ಪಾಪ!" ಎಂದಳು ಇನ್ನೊಬ್ಬಳು.

ಅಳುತ್ತ ಮನೆಗೆ ಬಂದ ಎಬೆಲೆಯನ್ನು ದೊಡ್ಡಮ್ಮ ಗಲ್ಲ ಹಿಡಿದು ಎತ್ತಿ ನೋಡಿದಳು. ಮಾರುಕಟ್ಟೆಯಲ್ಲಿ ಗೆಣಸು ತಿರುಗಿಸಿ ನೋಡುವ ಹಾಗೆ, ಹಲ್ಲು, ಕಣ್ಣು, ಕತ್ತು. "ಅಳ್ಬಾರ್ದು. ನಿಂದು ಬರೋ ದಿನಕ್ಕೆ ಬರುತ್ತೆ."

ನ್ವಾಮಕಾಳಿಗೆ ರೋಷ ಉಕ್ಕಿತು. ಹೊಲಿಸಿದ ಬಟ್ಟೆಯನ್ನೂ ಕೊಡಲಾರದ ಜಿಪುಣತನವಲ್ಲವೆ ಇದು? ಆದರೆ ತಳದ ಚೀಲ ನೆನಪಾಯಿತು. ತಂಗಿಯನ್ನು ಮಾವಿನ ಮರದ ಕೆಳಗೆ ಕೂರಿಸಿಕೊಂಡು ಸಮಾಧಾನ ಮಾಡಿದಳು. ಲಾಗೋಸಿನ ಕತೆ ಹೇಳಿದಳು: ನಲ್ಲಿ ಯಾವ ಹೊತ್ತಿಗೆ ಬರುತ್ತದೆ, ಡುಬೆಮ್‌ಗೆ ಬಿಸಿಬಿಸಿ ಗಂಜಿಯನ್ನು ಯಾಕೆ ಕೊಡಬಾರದು, ದೊಡ್ಡಪ್ಪನ ಚಪ್ಪಲಿ ಯಾವ ಬಾಗಿಲ ಬಳಿ ಇರಬೇಕು. ಎಬೆಲೆ ಅಳು ಮರೆತು ಕೇಳಿದಳು. ಆಮೇಲೆ ಆಟವಾಗಿ, ಗೋಣಿಚೀಲದ ಹಳೆಯ ಅಂಗಿಯೊಂದನ್ನು ಹೊರತೆಗೆದು, ತೋಳು ಬೆನ್ನಿಗೆ ಮಡಚಿ ಕತ್ತಿನಿಂದ ಸುತ್ತುವುದನ್ನು ಕಲಿಸಿದಳು. "ಕೆಂಪು ಕೋಸಿದು, ನೀಲಿ ಡುಬೆಮ್‌ದು. ಬಿಳಿ?"

"ಬಿಳಿ ನಮ್ಮಕ್ಕಂದು!"

ಜಗಲಿಯಲ್ಲಿ ಬಾಳೆಹಣ್ಣು ಸುಲಿಯುತ್ತ ಕುಳಿತಿದ್ದ ದೊಡ್ಡಮ್ಮ ಇದನ್ನು ಬಹಳ ಹೊತ್ತು ನೋಡಿದಳು. "ಕಲ್ಸು, ಕಲ್ಸು," ಎಂದಳು. "ಚೆನ್ನಾಗಿ ಕಲ್ಸು. ಬೆರಳು ಎಳಸಾಗಿರೋವಾಗ್ಲೇ ಕಲೀಬೇಕು."

ಮೆಚ್ಚುಗೆ ಅಪರೂಪವಾದ ಬಾಯಿಯಿಂದ ಬಂದ ಮಾತು. ನ್ವಾಮಕಾ ದಿನಾಲೂ ಕಲಿಸಿದಳು. ಎಬೆಲೆಯ ಕೈ ಚುರುಕು; ಹೊಸವರ್ಷದ ಹೊತ್ತಿಗೆ ಅವಳ ಸುರುಳಿ ಅಕ್ಕನ ಸುರುಳಿಗಿಂತ ಸಪೂರವಾಗಿತ್ತು.

ಹೊರಡುವ ಹಿಂದಿನ ದಿನ ಇಳಿಹೊತ್ತಿನಲ್ಲಿ ಅಮ್ಮ ಬಾಗಿಲ ಬಳಿ ಕುಳಿತು ಕೋಸಿಗೆ ಪ್ರಯಾಣದ ಜಡೆ ಹೆಣೆದಳು, ತಲೆಗೆ ಅಂಟಿದಂತೆ, ಕಾರಿನಲ್ಲಿ ಮಲಗಿದರೂ ಕೆದರದ ಹಾಗೆ. ಅದು ಮುಗಿದ ಮೇಲೆ ನ್ವಾಮಕಾ ಬಾಚಣಿಗೆ ಹಿಡಿದು ಅಮ್ಮನ ಮೊಣಕಾಲುಗಳ ನಡುವೆ ಕೂರಲು ಹೋದಳು. ಅಮ್ಮ ಬಾಚಣಿಗೆಯನ್ನು ತೆಗೆದುಕೊಂಡಳು.

"ಎಬೆಲೆ, ಬಾ ಇಲ್ಲಿ."

"ಅವಳಿಗ್ಯಾಕಮ್ಮ ಈಗ? ನಂದು ಹಾಕು, ನಾಳೆ ಬೆಳಗ್ಗೆ ಬೇಗ ಹೊರಡ್ಬೇಕು."

"ನಿಂದು ಆಮೇಲೆ."

ಅಮ್ಮ ಎಬೆಲೆಯ ತಲೆಯನ್ನು ತೊಡೆಗೆ ಒತ್ತಿ ಹಿಡಿದು, ಕೋಸಿಯ ಜಡೆಯ ಹಾಗೆಯೇ ಒಂದೊಂದು ಸಾಲನ್ನೂ ಬಿಗಿದಳು. ಕತ್ತಲಾಗುವವರೆಗೆ ಅದೇ ಆಯಿತು. ಆಮೇಲೆ ಅವಳು ಬಾಚಣಿಗೆಯ ಕೂದಲು ತೆಗೆದು ಒಲೆಗೆ ಹಾಕಿ, ಅಡುಗೆಗೆ ಎದ್ದಳು. ನ್ವಾಮಕಾ ತನ್ನ ಜಡೆಯನ್ನು ತಾನೇ ಹೆಣೆದುಕೊಂಡಳು, ಹಿಂದಿನ ಸಾಲುಗಳು ಡೊಂಕಾದವು.

ಬೆಳಗ್ಗೆ ಸೂಟ್‌ಕೇಸಿನಲ್ಲಿ ಉಳಿದಿದ್ದದ್ದು ತಳದ ಪದರ ಮಾತ್ರ. ಹೊರಗೆ ದೊಡ್ಡಪ್ಪ ಕಾರಿನ ಗಾಜು ಒರೆಸುತ್ತಿದ್ದ. ಕೆಂಪು ದಾರ ಬಿಚ್ಚಿ ಕೋಸಿ ಕಂದು ಚೌಕಳಿಯ ಹೊಸ ಉಡುಪು ತೊಟ್ಟಳು. ನೀಲಿ ದಾರ ಬಿಚ್ಚಿ ಡುಬೆಮ್ ಚಡ್ಡಿ ಅಂಗಿ ತೊಟ್ಟ.

"ಮೂರನೇದೂ ಬಿಚ್ಚು," ಎಂದಳು ದೊಡ್ಡಮ್ಮ.

ನ್ವಾಮಕಾ ಬಿಳಿ ದಾರದ ಗಂಟನ್ನು ಹಲ್ಲಿನಿಂದ ಸಡಿಲಿಸಿದಳು. ಒಳಗಿದ್ದದ್ದೂ ಕಂದು ಚೌಕಳಿಯೇ, ಬಿಳಿ ಕಾಲರು, ಬೆನ್ನಿಗೆ ಗುಂಡಿ. ಬಿಡಿಸಿ ಎದೆಗೆ ಹಿಡಿದುಕೊಂಡಳು. ಅಂಚು ಸೊಂಟದಿಂದ ಸ್ವಲ್ಪ ಕೆಳಗೆ ನಿಂತಿತು. ದರ್ಜಿ ಅಳತೆ ತಪ್ಪಿದ್ದಾಳೆ ಎಂದುಕೊಂಡು ಅವಳು ಅಂಚನ್ನು ಒಳಗಡೆ ಮಗುಚಿ ನೋಡಿದಳು. ಒಳಗೆ ಮೂರು ಬೆರಳು ಬಟ್ಟೆ ಇತ್ತು. ಅಷ್ಟನ್ನೂ ಬಿಚ್ಚಿದರೂ ತನಗೆ ಎಟುಕುವುದಿಲ್ಲ ಎಂದು ಕಣ್ಣಳತೆಯಲ್ಲೇ ತಿಳಿಯಿತು. ಆಗ ಅವಳಿಗೆ ದಾರ ನೆನಪಾಯಿತು, ಅದರ ಎರಡು ಗಂಟು ನೆನಪಾದವು, ಆ ಗಂಟು ಹಾಕಿದ ಕೈ ಯಾರದು ಎಂಬುದು ನೆನಪಾಯಿತು. ಅವಳು ಬಾಗಿಲ ಕಡೆ ನೋಡಿದಳು. ಅಮ್ಮ ಅಲ್ಲಿರಲಿಲ್ಲ, ಹಿತ್ತಿಲಿನಲ್ಲಿ ಸೌದೆ ಒಡೆಯುವ ಸದ್ದು ಕೇಳುತ್ತಿತ್ತು.

"ದೊಡ್ಡಮ್ಮ, ನನ್ನ ಶಾಲೆ..."

"ಇಲ್ಲೂ ಶಾಲೆ ಇದೆ. ನಿಮ್ಮಮ್ಮ ಸೇರಿಸಿದ್ರೆ ಸೇರ್ಕೋ." ದೊಡ್ಡಮ್ಮ ಕೈಗಡಿಯಾರ ನೋಡಿಕೊಂಡಳು. "ನೀನು ದೊಡ್ಡವಳಾದೆ ಕಣೇ. ನಿನ್ನಷ್ಟು ಹೊಟ್ಟೆ ಎಬೆಲೆಗಿಲ್ಲ, ನಿನ್ನಷ್ಟು ಬಾಯೂ ಇಲ್ಲ. ಕೆಲಸ ನೀನೇ ಕಲ್ಸಿದ್ದೀಯ, ಒಳ್ಳೇದಾಯ್ತು. ಬೇಗ ಹಾಕು ಅವಳಿಗೆ, ಸೇತುವೇಲಿ ಗಾಡಿ ಕಟ್ಕೊಳ್ಳುತ್ತೆ."

ಕೋಸಿ ಕಪ್ಪು ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ನೋಡುತ್ತಿದ್ದಳು. "ರೋಸ್ಲಿನ್‌ಗೆ ನಾನು ಕೇಳ್ದೆ ಅಂತ ಹೇಳು," ಎಂದಳು.

ಎಬೆಲೆ ಆಗಲೇ ಹಳೆಯ ಅಂಗಿ ಕಳಚಿ, ಎರಡೂ ಕೈ ಮೇಲೆತ್ತಿ ನಿಂತಿದ್ದಳು. "ಅಕ್ಕ, ನನ್ನ ಕ್ರಿಸ್‌ಮಸ್ ಬಂತು ನೋಡು!"

ನ್ವಾಮಕಾ ಉಡುಪನ್ನು ತಂಗಿಯ ತಲೆಯ ಮೇಲಿಂದ, ಹೊಸ ಜಡೆ ಕೆದರದ ಹಾಗೆ, ಇಳಿಸಿದಳು. ಬೆನ್ನಿನ ಗುಂಡಿಗಳನ್ನು ಮೇಲಿನಿಂದ ಒಂದೊಂದಾಗಿ ಹಾಕಿದಳು, ಕಾಲರನ್ನು ಮಡಚಿ ಕೂರಿಸಿದಳು, ಮಂಡಿಯೂರಿ ಅಂಚನ್ನು ಎಳೆದು ನೆಟ್ಟಗೆ ಮಾಡಿದಳು.

ಭುಜದಿಂದ ಮೊಣಕಾಲಿನವರೆಗೆ, ಉಡುಪು ಎಬೆಲೆಗೆ ಸರಿಯಾಗಿತ್ತು.