ದಿಬ್ಬಕ್ಕೆ ಬಲೆ ಬೀಳದ ವರ್ಷಗಳು

ಬಂದರಿನವರು ಅವಳಿಗೆ ಇಟ್ಟ ಹೆಸರು ಮೊಟ್ಟೆಯಕ್ಕ. ಮೀನುಗಾರಿಕೆ ಸಂಶೋಧನಾ ಕೇಂದ್ರದಲ್ಲಿ ಅವಳ ಕೆಲಸವೇ ಅದು: ಸಮುದ್ರದಲ್ಲಿ ಮೀನು ಎಲ್ಲಿ ಮೊಟ್ಟೆಯಿಡುತ್ತದೆ, ಎಷ್ಟಿಡುತ್ತದೆ, ಒಡೆದು ಬಂದ ಮರಿಗಳಲ್ಲಿ ಉಳಿಯುವುದೆಷ್ಟು ಎಂದು ನೋಡುವುದು. “ಕೋಳಿ ಮೊಟ್ಟೆ ಎಣಿಸಿದ್ರೆ ಬೇಯಿಸಿಯಾದ್ರೂ ತಿನ್ನಬಹುದಿತ್ತಲ್ಲಕ್ಕ” ಎಂದು ದೋಣಿಯವರು ಕಿಚಾಯಿಸುತ್ತಿದ್ದರು. ಅವಳೂ ನಗುತ್ತಿದ್ದಳು. ಅವರೆಲ್ಲ ಅವಳನ್ನು ಎತ್ತಿ ಆಡಿಸಿದವರು, ಇಲ್ಲವೇ ಅವಳ ಜೊತೆ ಆಡಿ ಬೆಳೆದವರು.

ಅವಳ ತಾಯಿ ಅದೇ ಬಂದರಿನಲ್ಲಿ ಮೀನಿನ ಹರಾಜು ಕೂಗುತ್ತಿದ್ದಳು. ಗಂಡ ತೀರಿಕೊಂಡ ಮೇಲೆ ಎರಡು ಮಕ್ಕಳನ್ನು ಕಟ್ಟಿಕೊಂಡು ಬುಟ್ಟಿ ಹೊರಲು ಬಂದವಳು, ಗಂಟಲಿನ ಬಲದಿಂದ ಹರಾಜಿನ ಕಟ್ಟೆ ಹತ್ತಿದ್ದಳು. “ಬಾಯಿದ್ದವನು ಬರದಲ್ಲೂ ಬದುಕಿದ ಅಂತಾರೆ, ನಾನು ಬಾಯಿದ್ದವಳು” ಅನ್ನುವುದು ಅವಳ ಮಾತು. ಊರಿಗೆಲ್ಲ ಹರಾಜಮ್ಮನಾದ ಅವಳು ಒಂದು ಬೆಲೆ ಹೇಳಿದರೆ ಅದರಲ್ಲಿ ಮೋಸವಿಲ್ಲ ಎಂದು ದೋಣಿಯವರೂ ನಂಬಿದ್ದರು, ಕೊಳ್ಳುವವರೂ ನಂಬಿದ್ದರು. ಮೀನುಗಾರರ ಸಂಘದಲ್ಲಿ ಅವಳ ಮಾತಿಗೆ ತೂಕವಿದ್ದದ್ದು ಅದರಿಂದಲೇ.

ಮಗಳಿಗಿಂತ ನಾಲ್ಕು ವರ್ಷಕ್ಕೆ ಚಿಕ್ಕವನು ಮಗ. ಅಪ್ಪನ ದೋಣಿ ಅವನ ಕೈಯಲ್ಲಿತ್ತು. ದಡದಿಂದ ಅರ್ಧ ದಿನದ ದಾರಿಯಲ್ಲಿ ಸಮುದ್ರದ ತಳ ಎದ್ದುನಿಂತ ಒಂದು ಜಾಗವಿತ್ತು. ಎಲ್ಲರೂ ಅದನ್ನು ದಿಬ್ಬ ಅನ್ನುತ್ತಿದ್ದರು. ಬಂಗುಡೆ ಮೊಟ್ಟೆಯಿಡಲು ಬರುತ್ತಿದ್ದದ್ದು ಅಲ್ಲಿಗೆ. ಹಾಗಾಗಿ ದೋಣಿಗಳು ಹೋಗುತ್ತಿದ್ದದ್ದೂ ಅಲ್ಲಿಗೇ. ಊರಿನ ಅರ್ಧಕ್ಕಿಂತ ಹೆಚ್ಚು ಮನೆಗಳ ಒಲೆ ದಿಬ್ಬದಿಂದ ಉರಿಯುತ್ತಿತ್ತು.

ಕೆಲವು ವರ್ಷಗಳಿಂದ ಮೊಟ್ಟೆಯಕ್ಕ ಪರೀಕ್ಷೆಗೆಂದು ದಿಬ್ಬದಲ್ಲಿ ಎಳೆಯುತ್ತಿದ್ದ ಬಲೆಯಲ್ಲಿ ಮರಿಗಳು ಕಡಿಮೆಯಾಗುತ್ತ ಬಂದಿದ್ದವು. ಆ ವರ್ಷ ಕೆಲವು ಕಡೆ ಒಂದೂ ಸಿಗಲಿಲ್ಲ. ಕೇಂದ್ರದವರು ಕೂತು ಚರ್ಚೆ ಮಾಡಿ, ಎರಡು ವರ್ಷ ದಿಬ್ಬಕ್ಕೆ ಯಾರೂ ಬಲೆ ಹಾಕಬಾರದು ಎಂದು ಇಲಾಖೆಗೆ ಬರೆಯಬೇಕೆಂದುಕೊಂಡರು. ಸಂಘ ಒಪ್ಪಿದರೆ ಮಾತ್ರ ಅದು ನಡೆಯುವ ಮಾತು. ಒಪ್ಪದಿದ್ದರೆ ಆ ಕಾಗದ ಯಾವುದೋ ಮೇಜಿನ ಮೇಲೆ ಧೂಳು ತಿನ್ನುತ್ತದೆ ಎಂದು ಎಲ್ಲರಿಗೂ ಗೊತ್ತಿತ್ತು. ಸಂಘದ ಮುಂದೆ ವಿಷಯ ಇಡುವ ಕೆಲಸ ಮೊಟ್ಟೆಯಕ್ಕನ ತಲೆಗೆ ಬಂತು.

ಹೊರಗೆ ಹೇಳುವ ಮುಂಚೆ ಅವಳು ಮನೆಯಲ್ಲಿ ಹೇಳಿದಳು. ಭಾನುವಾರದ ಊಟಕ್ಕೆ ಎಲ್ಲರೂ ಸೇರಿದ್ದರು. ಅವಳ ತಮ್ಮ, ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಹಾಕಿ ಅವಳನ್ನೇ ನೋಡಿದ.

“ಎರಡು ವರ್ಷ ನಾನೇನು ಮಾಡ್ಲಿ ಅಕ್ಕ? ಹೊಟ್ಟೆಗೆ ಒದ್ದೆಬಟ್ಟೆ ಕಟ್ಕೊಂಡು ಮಲಗ್ಲಾ?”

“ಬೇರೆ ಕಡೆ ಹಿಡೀಬಹುದು. ಕಡಿಮೆ ಸಿಗತ್ತೆ, ಗೊತ್ತು. ಇಲಾಖೆಯಿಂದಲೂ ಏನಾದ್ರೂ…”

“ಇಲಾಖೆ!” ಅವನು ನಕ್ಕ. “ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಯೋರನ್ನ ನೋಡಿದ್ದೆ. ನೀನು ಕೂಸು ಹುಟ್ಟೋ ಮುಂಚೆ ಗುಂಡಿ ತೋಡ್ತಿದ್ದೀಯ. ಕಣ್ಣಿಗೆ ಕಾಣದ ಮೀನಿಗೋಸ್ಕರ ಕಣ್ಣೆದುರಿಗಿರೋ ತಮ್ಮನ್ನ ಮುಳುಗಿಸ್ತೀಯಾ?”

ಅವನ ಹೆಂಡತಿ ಮಗುವನ್ನೆತ್ತಿಕೊಂಡು ಅಡುಗೆಮನೆಗೆ ಹೋದಳು. ಅಮ್ಮ ಊಟ ಮುಗಿಸಿ, ಕೈ ತೊಳೆದು, ಸೆರಗಿಗೆ ಒರೆಸಿಕೊಳ್ಳುತ್ತ ಮಗಳನ್ನು ಕೇಳಿದಳು: “ಆ ಮೀನು ಕಣ್ಣಿಗೆ ಕಾಣಲ್ವಾ?”

“ಕಾಣತ್ತೆ ಅಮ್ಮ. ಯಂತ್ರದಲ್ಲಿ ನೋಡಿದ್ರೆ.”

“ಹಾಗಾದ್ರೆ ನನಗೆ ತೋರಿಸು. ನೋಡದ ಮಾಲಿಗೆ ನಾನು ಯಾವತ್ತೂ ಬೆಲೆ ಕೂಗಿಲ್ಲ.”

ಜೀವಮಾನವೆಲ್ಲ ಮೀನಿನ ನಡುವೆ ಇದ್ದರೂ ಹರಾಜಮ್ಮ ಒಮ್ಮೆಯೂ ಸಮುದ್ರದ ಮೇಲೆ ಹೋದವಳಲ್ಲ. ಕೇಂದ್ರದ ದೋಣಿ ಬಂದರಿನ ಬಾಯಿ ದಾಟುವ ಮೊದಲೇ ಅವಳಿಗೆ ಹೊಟ್ಟೆ ತೊಳಸಿತು. ದಾರಿಯುದ್ದಕ್ಕೂ ಬಕೆಟ್ಟು ಅಪ್ಪಿಕೊಂಡು ಕೂತಳು. “ನಿಮ್ಮಪ್ಪ ದಿನಾ ಇದರಲ್ಲಿ ಹೇಗೆ ಹೋಗ್ತಿದ್ರೋ” ಎಂದು ಒಮ್ಮೆ ಅಂದಳು. ಮತ್ತೆ ಬಕೆಟ್ಟಿಗೆ ಬಾಗಿದಳು. ಮಗಳು ಹಿಂದಿರುಗೋಣವೇ ಎಂದರೆ ಕೈಯಾಡಿಸಿ ಬೇಡವೆಂದಳು.

ದಿಬ್ಬದ ಮೇಲೆ ದೋಣಿ ನಿಧಾನವಾಯಿತು. ಮೊಟ್ಟೆಯಕ್ಕ ಬಲೆಯನ್ನು ನೀರಿಗಿಳಿಸಿದಳು. ಅದು ಮೀನು ಹಿಡಿಯುವ ಬಲೆಯಂತಿರಲಿಲ್ಲ. ಎರಡು ದೊಡ್ಡ ಬಳೆಗಳಿಗೆ ಹೊಲಿದ ಉದ್ದದ ಚೀಲಗಳು. ಬಟ್ಟೆ ಹಿಟ್ಟಿನ ಜರಡಿಯಷ್ಟು ಸಣ್ಣ ಕಣ್ಣಿನದು. ಬಾಯಿಯ ಹತ್ತಿರ ಪುಟ್ಟ ಚಕ್ರವೊಂದು ತಿರುಗುತ್ತ ಎಷ್ಟು ನೀರು ಒಳಹೋಯಿತೆಂದು ಅಳೆಯುತ್ತಿತ್ತು. ಆಳಕ್ಕೆ ಬಿಟ್ಟು, ಓರೆಯಾಗಿ ಎಳೆದು, ಮೇಲೆತ್ತಿ, ಪೈಪಿನ ನೀರಿನಿಂದ ಚೀಲವನ್ನು ಮೇಲಿನಿಂದ ಕೆಳಕ್ಕೆ ತೊಳೆದರು. ತುದಿಯ ಬಟ್ಟಲಿನಲ್ಲಿ ಗಂಜಿಯಂಥದ್ದೇನೋ ಉಳಿಯಿತು.

“ಇಷ್ಟೇನಾ?” ಅಂದಳು ಅಮ್ಮ.

“ಇಷ್ಟೇ.”

ದೋಣಿಯ ಒಳಕೋಣೆಯಲ್ಲಿ ಸೂಕ್ಷ್ಮದರ್ಶಕವನ್ನು ಮೇಜಿಗೆ ಬಿಗಿದಿದ್ದರು. ಮಗಳು ಗಾಜಿನ ತಟ್ಟೆಯಲ್ಲಿ ಒಂದು ಮರಿಯನ್ನು ಬೇರೆ ಮಾಡಿ ಅಮ್ಮನನ್ನು ಕೂರಿಸಿದಳು. ಹರಾಜಮ್ಮ ಮೊದಲು ತಪ್ಪು ಕಣ್ಣು ಮುಚ್ಚಿದಳು, ಆಮೇಲೆ ಎರಡನ್ನೂ ಮುಚ್ಚಿದಳು. ಕೊನೆಗೆ ಕಂಡಿತು. ಗಾಜಿನ ಎಳೆಯಂಥ ಮೈ, ಎರಡು ಕಪ್ಪು ಕಣ್ಣು, ಕಣ್ಣಿನ ಹಿಂದೆ ಪಟಪಟ ಬಡಿಯುವ ಗುಂಡಿಗೆ.

“ಜೀವ ಇದೆ” ಎಂದಳು ಸಣ್ಣ ದನಿಯಲ್ಲಿ.

“ಇವತ್ತು ಇದೆ. ಹೊಟ್ಟೆ ನೋಡು ಅಮ್ಮ. ಮೈ ಪಾರದರ್ಶಕ, ತಿಂದದ್ದು ಹೊರಗಿನಿಂದಲೇ ಕಾಣತ್ತೆ.”

“ಏನೂ ಇಲ್ಲ.”

“ಮೊಟ್ಟೆಯಿಂದ ತಂದ ಬುತ್ತಿ ಮುಗಿದಿದೆ. ಇನ್ನೆರಡು ದಿನದಲ್ಲಿ ಇದಕ್ಕೆ ತಿನ್ನೋ ಹುಳ ಸಿಗಬೇಕು. ನೀರಿನಲ್ಲಿ ಆ ಹುಳ ಒಂದೊಂದು ವರ್ಷ ಬೇಗ ಹುಟ್ಟತ್ತೆ, ಒಂದೊಂದು ವರ್ಷ ತಡ. ಮುಂಚೆ ದಿಬ್ಬದಲ್ಲಿ ದೊಡ್ಡ ಮೀನು, ನಡುಪ್ರಾಯದ್ದು, ಚಿಕ್ಕದ್ದು, ಎಲ್ಲ ಇದ್ದವು. ಒಂದು ಇವತ್ತು ಮೊಟ್ಟೆಯಿಟ್ಟರೆ ಇನ್ನೊಂದು ಮುಂದಿನ ತಿಂಗಳು. ಯಾವುದೋ ಒಂದರ ಮರಿಗೆ ಊಟ ಸಿಗ್ತಿತ್ತು. ಈಗ ಬರೀ ಚೊಚ್ಚಲ ಮೀನು. ಎಲ್ಲ ಒಂದೇ ಸಲ ಇಡ್ತವೆ. ಊಟ ತಡವಾದ್ರೆ ಅಷ್ಟೂ ಹೋಯ್ತು.”

“ಮನೇಲಿ ಹಿರಿಯರೇ ಉಳಿದಿಲ್ಲ ಅನ್ನು.”

“ಹೌದು.”

ಅಮ್ಮ ಕಣ್ಣು ತೆಗೆದು ಮಗಳತ್ತ ತಿರುಗಿದಳು. “ಎರಡು ವರ್ಷ ಬಿಟ್ಟರೆ ಸರಿಯಾಗತ್ತೆ ಅಂತ ನಿನಗೆ ಖಚಿತವಾ?”

ಮೊಟ್ಟೆಯಕ್ಕ ಈ ಪ್ರಶ್ನೆಗೆ ಹೆದರಿದ್ದಳು. ಹೌದು ಎಂದುಬಿಟ್ಟರೆ ಅಮ್ಮ ಅದನ್ನು ಇಡೀ ಊರಿಗೆ ಕೂಗಿ ಹೇಳುತ್ತಿದ್ದಳು, ಊರು ನಂಬುತ್ತಿತ್ತು.

“ಖಚಿತ ಇಲ್ಲಮ್ಮ. ಸಮುದ್ರ ಇಷ್ಟು ದೊಡ್ಡದು, ನನ್ನ ಬಲೆ ಇಷ್ಟು. ಬಿಡದಿದ್ರೆ ಮುಗಿಯತ್ತೆ ಅನ್ನೋದು ಹೆಚ್ಚುಕಡಿಮೆ ಖಚಿತ. ಬಿಟ್ಟರೆ ಬರತ್ತೆ ಅನ್ನೋದು ಬರೀ ನಂಬಿಕೆ.”

ಹರಾಜಮ್ಮ ತಲೆಯಾಡಿಸಿದಳು.

ಸಂಘದ ಸಭೆಯಲ್ಲಿ ಕುರ್ಚಿ ಸಾಲದೆ ಜನ ಗೋಡೆಗೊರಗಿ ನಿಂತಿದ್ದರು. ಮೊಟ್ಟೆಯಕ್ಕ ಹೇಳಬೇಕಾದದ್ದನ್ನು ಹೇಳಿದಳು. ಎದ್ದುನಿಂತು ವಿರೋಧಿಸಿದವರಲ್ಲಿ ಮೊದಲನೆಯವನು ಅವಳ ತಮ್ಮ. ಚೆನ್ನಾಗಿಯೇ ಮಾತಾಡಿದ, ಚಪ್ಪಾಳೆಯೂ ಬಿತ್ತು. ಆಮೇಲೆ ಹರಾಜಮ್ಮ ಎದ್ದಳು.

“ನನ್ನ ಮಗಳು ಹೇಳಿದ್ಲು ಅಂತ ಯಾರೂ ಒಪ್ಪಬೇಡಿ. ಅವಳಿಗೇ ಪೂರ್ತಿ ಗೊತ್ತಿಲ್ಲ, ನನ್ನ ಮುಂದೆ ಹಾಗಂತ ಹೇಳಿದ್ಲು. ನಾನು ಹೇಳೋದು ನನ್ನ ಕಟ್ಟೆ ಮಾತು. ಮೊದಲು ಒಂದು ಪೆಟ್ಟಿಗೆ ತುಂಬೋಕೆ ಎಷ್ಟು ಮೀನು ಬೇಕಿತ್ತು, ಈಗ ಎಷ್ಟು ಬೇಕು? ಪೆಟ್ಟಿಗೆ ದೊಡ್ಡದಾಗಿಲ್ಲ. ಮೀನು ಚಿಕ್ಕದಾಯ್ತು. ತುಂಬೋ ನಿಮಗೆ ಗೊತ್ತು, ಕೂಗೋ ನನಗೆ ಗೊತ್ತು, ಕೊಳ್ಳೋರಿಗೂ ಗೊತ್ತು. ಎಲ್ಲರೂ ಬಾಯಿ ಮುಚ್ಕೊಂಡಿದ್ದೀವಿ. ದಿಬ್ಬ ಬಿಟ್ಟರೆ ಮೊದಲು ಖಾಲಿಯಾಗೋದು ನನ್ನ ಕಟ್ಟೆ, ನನ್ನ ಮಗನ ದೋಣಿ. ಆದ್ರೂ ಬಿಡೋಣ ಅಂತೀನಿ.”

ಕೈಯೆತ್ತಿಸಿದಾಗ ಒಪ್ಪಿದವರು ಸ್ವಲ್ಪವೇ ಹೆಚ್ಚಿದ್ದರು. ಮಗ ತಾಯಿಯ ಮುಖ ನೋಡದೆ ಹೊರಗೆ ಹೋದ. ಆ ತಿಂಗಳೊಳಗೆ ದೋಣಿಯನ್ನು ದಡಕ್ಕೆಳೆದು ಮುಚ್ಚಿಟ್ಟು, ಹೆಂಡತಿ ಮಗುವನ್ನು ಕರೆದುಕೊಂಡು, ದೂರದ ಬಂದರೊಂದರಲ್ಲಿ ಬೇರೆಯವರ ದೋಣಿಗೆ ಆಳಾಗಿ ಸೇರಿದ.

ಅನಂತರದ ದಿನಗಳು ಸುಲಭವಾಗಿರಲಿಲ್ಲ. ಹರಾಜಿನ ಕಟ್ಟೆಯಲ್ಲಿ ಪೆಟ್ಟಿಗೆಗಳು ಬೆರಳೆಣಿಕೆಗೆ ಇಳಿದವು. ಮಂಜುಗಡ್ಡೆಯ ಕಾರ್ಖಾನೆ ವಾರಕ್ಕೆರಡು ದಿನ ಮಾತ್ರ ನಡೆಯಿತು. ಹರಾಜಮ್ಮನ ಜೊತೆ ಚಹಾ ಕುಡಿಯುತ್ತಿದ್ದ ಹೆಂಗಸರು ಅವಳನ್ನು ಕಂಡರೆ ಬೇರೆ ಬೀದಿ ಹಿಡಿಯುತ್ತಿದ್ದರು. ಒಂದು ಬೆಳಿಗ್ಗೆ ಮನೆ ಬಾಗಿಲಿಗೆ ಯಾರೋ ಕೊಳೆತ ಮೀನು ಸುರಿದು ಹೋಗಿದ್ದರು. ಮಗಳು ಅತ್ತಳು. ತಾಯಿ ಪೊರಕೆ ತಂದು, “ಅತ್ರೆ ವಾಸನೆ ಹೋಗತ್ತಾ? ನೀರು ಹಾಕು” ಎಂದಳು. ಆದರೆ ಆ ದಿನ ಊಟ ಮಾಡಲಿಲ್ಲ.

ಒಂದು ದಿನ ಮಗಳು ತಡೆಯಲಾರದೆ ಕೇಳಿದಳು: “ನನ್ನಿಂದ ಹೀಗಾಯ್ತು ಅಂತ ಅನ್ನಿಸಲ್ವಾ ನಿನಗೆ?”

“ಅನ್ನಿಸತ್ತೆ” ಅಂದಳು ತಾಯಿ. “ಅನ್ನಿಸಿದ್ರೆ ಏನು ಮಾಡೋದು? ಮೀನು ಕಡಿಮೆಯಾದದ್ದು ನಿನ್ನಿಂದಲ್ಲ.”

ಎರಡನೆಯ ವರ್ಷ ಹರಾಜಮ್ಮನ ಹೃದಯ ಸೋಲತೊಡಗಿತು. ಕಾಲು ಊದಿಕೊಂಡವು, ನಾಲ್ಕು ಮಾತಾಡಿದರೆ ಉಸಿರು ಸಾಲದು. ಅವಳನ್ನು ಆಸ್ಪತ್ರೆಗೆ ಸೇರಿಸಿದ ವಾರವೇ ದಿಬ್ಬಕ್ಕೆ ಹೋಗಬೇಕಾಗಿತ್ತು. ಮರಿಗಳಿರುವ ಕಾಲ ತಪ್ಪಿದರೆ ಮತ್ತೆ ಒಂದು ವರ್ಷ. ಹೋಗಲ್ಲ ಎಂದು ಕೂತ ಮಗಳನ್ನು ತಾಯಿಯೇ ಗದರಿಸಿ ಕಳಿಸಿದಳು.

ಅವಳು ಹಿಂದಿರುಗಿ ಬಂದದ್ದು ಒಂದು ಮಧ್ಯಾಹ್ನ, ಉಪ್ಪುನೀರಿನ ಬಟ್ಟೆಯಲ್ಲೇ. ಅಮ್ಮ ದಿಂಬುಗಳಿಗೊರಗಿ ಕೂತಿದ್ದಳು. ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು. ದಾರಿಯುದ್ದಕ್ಕೂ ಮೊಟ್ಟೆಯಕ್ಕ ಯೋಚಿಸುತ್ತ ಬಂದಿದ್ದಳು. ಬಲೆಯಲ್ಲಿ ಮರಿಗಳಿದ್ದವು, ಮೊದಲಿಗಿಂತ ಹೆಚ್ಚೇ. ಆದರೆ ಅವಳು ಆಸೆಪಟ್ಟಷ್ಟಲ್ಲ. ಅಲ್ಲದೆ, ಆ ವರ್ಷ ನೀರಿನಲ್ಲಿ ಹುಳವೂ ಬೇಗ ಹುಟ್ಟಿತ್ತು. ಅದಷ್ಟೇ ಕಾರಣವೂ ಇರಬಹುದು. ತುಂಬಿ ಬಂದಿವೆ ಎಂದರೆ ಯಾರಿಗೆ ನಷ್ಟ?

“ಬಂದಿದೆಯಾ?” ಅಮ್ಮ ಕೇಳಿದಳು.

ಅವಳು ಅಮ್ಮನ ಕೈ ಹಿಡಿದುಕೊಂಡಳು. “ಸ್ವಲ್ಪ ಬಂದಿದೆ ಅಮ್ಮ. ತುಂಬಾ ಅಲ್ಲ. ಹೊಟ್ಟೆಯಲ್ಲಿ ಊಟ ಇರೋ ಮರಿಗಳು ಸಿಕ್ಕಿದವು. ಮುಂದೆ ಹೇಗೋ ಗೊತ್ತಿಲ್ಲ.”

ಅಮ್ಮ ಬಹಳ ಹೊತ್ತು ಉಸಿರು ಕೂಡಿಸಿಕೊಂಡಳು. “ತುಂಬಾ ಅಂದಿದ್ರೆ ನಂಬ್ತಿರಲಿಲ್ಲ” ಎಂದಳು. ಮತ್ತೆ ಸ್ವಲ್ಪ ತಡೆದು, “ಸ್ವಲ್ಪ ಸಾಕು. ತಮ್ಮನಿಗೆ ಹೇಳು.”

ತಮ್ಮ ಆಗ ಸಮುದ್ರದ ಮೇಲಿದ್ದ. ಫೋನು ತಲುಪುವಷ್ಟರಲ್ಲಿ ತಾಯಿ ತೀರಿಕೊಂಡಿದ್ದಳು. ಎಲ್ಲ ಮುಗಿದ ಮೇಲೆ ಬಂದು, ಖಾಲಿ ಮಂಚದ ಪಕ್ಕ ನೆಲದ ಮೇಲೆ ಕೂತ. ಅಕ್ಕ ತಂದಿಟ್ಟ ನೀರನ್ನು ಮುಟ್ಟಲಿಲ್ಲ. ಆ ಸಂಜೆಯೇ ಹೊರಟುಹೋದ.

ಎರಡು ವರ್ಷ ತುಂಬಿದಾಗ, ಮೊಟ್ಟೆಯಿಡುವ ತಿಂಗಳುಗಳನ್ನು ಬಿಟ್ಟು ಉಳಿದ ಕಾಲದಲ್ಲಿ ದಿಬ್ಬಕ್ಕೆ ಹೋಗಬಹುದು ಎಂದು ಮೊಟ್ಟೆಯಕ್ಕ ಬರೆದಳು. ಈ ಸಲ ಸಂಘದಲ್ಲಿ ಹೆಚ್ಚು ಜಗಳವಾಗಲಿಲ್ಲ. ಹೊರಗೆ ಹೋದವರಲ್ಲಿ ಕೆಲವರು ಮರಳಿ ಬಂದರು. ಕೆಲವರು ಬರಲೇ ಇಲ್ಲ; ಅವರ ದೋಣಿಗಳು ಬಿಸಿಲಿಗೆ ಬಿರಿದು ದಡದಲ್ಲೇ ಉಳಿದವು. ತಮ್ಮ ಬಂದ.

ಮೊದಲ ದಿನದ ದೋಣಿಗಳು ಹಿಂದಿರುಗುವಾಗ ಅವಳು ಬಂದರಿಗೆ ಹೋದಳು. ಕಟ್ಟೆಯ ಮೇಲೆ ಹೊಸಬನೊಬ್ಬ ಕೂಗುತ್ತಿದ್ದ. ದನಿ ಇನ್ನೂ ಪಳಗಿರಲಿಲ್ಲ. ಪೆಟ್ಟಿಗೆಗಳು ಬಹಳವಿರಲಿಲ್ಲ. ಆದರೆ ಮೀನುಗಳು ತುಂಬು ಮೈಯವಾಗಿದ್ದವು. ಅವುಗಳ ನಡುವೆ ಅಲ್ಲೊಂದು ಇಲ್ಲೊಂದು ಒಂದೂವರೆ ಗೇಣು ಉದ್ದದ್ದೂ ಇತ್ತು. ಹಳಬರು ಅವನ್ನೆತ್ತಿ ತಿರುಗಿಸಿ ನೋಡಿ ಕೆಳಗಿಡುತ್ತಿದ್ದರು.

ತಮ್ಮ ದೋಣಿಯಿಂದಿಳಿದು ಅವಳ ಎದುರಿಗೆ ಬಂದು ನಿಂತ.

“ಅಮ್ಮನ ಕೊನೆಗಾಲದಲ್ಲಿ ನಾನಿರಲಿಲ್ಲ” ಎಂದ. “ಅದನ್ನ ನಾನು ಮರೆತಿಲ್ಲ ಅಕ್ಕ. ನಿನ್ನನ್ನ ಕ್ಷಮಿಸಿಯೂ ಇಲ್ಲ.”

“ಗೊತ್ತು.”

“ಮೀನು ಬಂದಿದೆ. ಅದು ಬೇರೆ ಮಾತು.”

ಅವನು ದೋಣಿಯತ್ತ ತಿರುಗಿ ನಾಲ್ಕು ಹೆಜ್ಜೆ ಹೋದವನು ನಿಂತು, “ಸುಮ್ನೆ ಯಾಕೆ ನಿಂತಿದ್ದೀಯ? ಇಳಿಸೋಕೆ ಜನ ಇಲ್ಲ, ಬುಟ್ಟಿ ಹಿಡಿ” ಎಂದ.

ಅವಳು ಸೀರೆ ಮೇಲೆ ಕಟ್ಟಿ ಮೊಣಕಾಲಿನ ನೀರಿಗಿಳಿದಳು. ಅವನು ಮೇಲಿನಿಂದ ಕೊಟ್ಟ ಬುಟ್ಟಿ ಭಾರವಾಗಿತ್ತು. ಎರಡೂ ಕೈಯಲ್ಲಿ ತಬ್ಬಿ ಹಿಡಿದು ದಡದ ಕಡೆ ನಡೆದಳು.